ಕಾಡುಪಿಸ್ತಾ ಗಂಟಿನೊಳಗಿನ ಹುಳು

"ನಿಲ್ಲಿಸು ತುರ್ಗಾಯ್! ಆ ಮರ ಕಡೀಬೇಡ!"

ಎತ್ತಿದ ಕೊಡಲಿ ಗಾಳಿಯಲ್ಲೇ ನಿಂತಿತು. ತುರ್ಕಿಯ ಆಂತೆಪ್‌ನ ಪಿಸ್ತಾ ತೋಟವೊಂದರ ಅಂಚಿಗೆ ಏದುಸಿರು ಬಿಡುತ್ತಾ ಓಡಿಬಂದ ಕೃಷಿ ಅಧಿಕಾರಿ ಮೆಹ್ಪಾರೆ, ಕೊನೆಯ ಕಾಡುಪಿಸ್ತಾ ಮರಕ್ಕೆ ಅಡ್ಡ ನಿಂತಳು.

ತುರ್ಗಾಯ್ ಅವಳ ಮುಖ ನೋಡಲಿಲ್ಲ.

"ಕಡೀರಿ ಅಂದವರು ನೀವೇ ಅಲ್ವಾ, ಅಧಿಕಾರಿ ಹಾನಂ? ಹೋದ ವರ್ಷಾನೇ ಐದು ಉರುಳಿಸಿದೀನಿ. ಆದ್ರೂ ಈ ವರ್ಷ ತೋಟದಲ್ಲಿ ಹುಳು ಇನ್ನೂ ಜಾಸ್ತಿ."

ಹಾನಂ, ಮೇಡಂ ಅನ್ನೋ ಹಾಗೆ! ಹೋದ ವರ್ಷ ಬಾಯ್ತುಂಬ 'ಮೆಹ್ಪಾರೆ' ಅಂತಿದ್ದವನು...

"ಜಾಸ್ತಿ ಆಗಿದ್ದು ನನ್ನಿಂದ..."

ಮೇಕೆ ಕೊಂಬಿನಂತೆ ಬಾಗಿದ ಕೆಂಪು ಗಂಟೊಂದನ್ನು ಕೊಂಬೆಯಿಂದ ಕಿತ್ತು ಸೀಳಿದಳು. ಒಳಗೆ ಆ ಗಂಟನ್ನು ಕಟ್ಟಿದ ಬೂದು ಸಸ್ಯಹೇನುಗಳ ರಾಶಿ. ನಡುವೆ ಮಿರುಗುವ ಕಪ್ಪು ಹುಳುವೊಂದು ಹೇನಿಗೆ ಸೂಜಿಯಂಥ ಮೂತಿ ಚುಚ್ಚಿ ಹೀರುತ್ತಿತ್ತು.

"ಇದು ಬೇಟೆ ಹುಳು, ತುರ್ಗಾಯ್. ಇಲ್ಲಿ ಬೆಳೆದು, ನಿನ್ನ ತೋಟಕ್ಕಿಳಿದು ಎಲೆ ಹಾಳುಮಾಡೋ ಹುಳುಗಳನ್ನ ತಿನ್ನುತ್ತೆ. ಅವತ್ತು ನಾನು ನೋಡಿದ್ದು ರೆಕ್ಕೆ ಬಾರದ ಮರಿಗಳನ್ನ. ಯಾವ ಹುಳು ಅಂತ ಗೊತ್ತಾಗೋಕೆ ಗಾಜಿನ ಕೊಳವೆಯಲ್ಲಿಟ್ಟು ರೆಕ್ಕೆ ಬರೋವರೆಗೂ ಕಾಯಬೇಕಿತ್ತು. ಕಾಯದೆ, ಪಿಸ್ತಾದ ಪಿಡುಗು ಅಂತ ವರದಿ ಬರೆದುಬಿಟ್ಟೆ. ಈ ವಸಂತದಲ್ಲಿ ಕಾದೆ... ಇವತ್ತು ಬೆಳಿಗ್ಗೆ ಖಾತ್ರಿಯಾಯ್ತು."

ಕೊಡಲಿ ಅವನ ಕೈಯಿಂದ ಜಾರಿತು.

"ಅನುಮಾನವಾದ್ರೂ ಯಾವಾಗ ಬಂತು?"

ಇದನ್ನು ಹೇಳಿದರೆ ಇವನು ಮತ್ತೆಂದೂ ನನ್ನತ್ತ ತಿರುಗಲಾರ... ಆದರೂ ಹೇಳಿದಳು.

"ಮರಗಳು ಬಿದ್ದ ಮೇಲೆ. ನಿಮ್ಮಮ್ಮ ಹೆಣ್ಣು ಕೇಳೋಕೆ ಬಂದ ವಾರ. ಐದು ಮರ ಕಡಿಸಿದವಳು ಕಾಫಿ ತಟ್ಟೆ ಹಿಡಿದು ಯಾವ ಮುಖ ಇಟ್ಕೊಂಡು ಹೊರಗೆ ಬರಲಿ?"

"ಅದಕ್ಕಾ ನೀನು ಒಳಗೇ ಕೂತಿದ್ದು?!" ಅವನ ಧ್ವನಿ ಒಡೆಯಿತು. "ಹಳ್ಳಿ ಗಮಾರ ಬೇಡ ಅಂದಳು ಅಂತ ಇಡೀ ಚಳಿಗಾಲ ಒಳಗೊಳಗೇ ಬೆಂದೆನಲ್ಲೇ..."

"ಬೇಡ ಅನ್ನೋದಾ? ನಿನ್ನನ್ನಾ? ಒಂದು ದಿನವೂ ಮರೆತಿಲ್ಲ ಕಣೋ..." ಅವಳ ಕಣ್ಣು ತುಂಬಿತು.

ತುರ್ಗಾಯ್ ಕಡಿದ ಬುಡವೊಂದರ ಮೇಲೆ ಕುಸಿದು ಕೂತ.

"ನಮ್ಮ ಅಜ್ಜನಿಗಿಂತ ಹಿರಿಯ ಮರಗಳು, ಮೆಹ್ಪಾರೆ. ಅದನ್ನ ಮರೆಯೋಕಾಗಲ್ಲ."

"ಮರೀಬೇಡ."

"ಆದ್ರೆ ನೀನು ಮುಚ್ಚಿಡಬಹುದಿತ್ತು. ಮುಚ್ಚಿಡಲಿಲ್ಲ..." ಪಕ್ಕದಲ್ಲಿ ಜಾಗ ಬಿಟ್ಟು ಸರಿದ. "ಅಮ್ಮನನ್ನ ಮತ್ತೆ ಕಳಿಸಲಾ?"

ಅವಳು ಮೆಲ್ಲನೆ ಬಂದು ಕೂತಳು.

"ಕೈ ನಡುಗಿ ಕಾಫಿಯೆಲ್ಲ ಚೆಲ್ಲಿಬಿಟ್ರೆ?"

"ಚೆಲ್ಲು. ತಟ್ಟೆಯಲ್ಲಿ ಉಳಿದಿದ್ದನ್ನೇ ಕುಡೀತೀನಿ."