ರಾಣಿಯ ದವಡೆ

ರಾಣಿಯ ಕುತ್ತಿಗೆ ಸೀಳಿಹೋಗಿತ್ತು.

ಬೆಳಿಗ್ಗೆ ಎಂಟು ಗಂಟೆ. ಬೊಂಬೆ ಮೇಷ್ಟ್ರು ಕೂಗಿದ ಕೂಗಿಗೆ ಇಡೀ ಯೂನಿಟ್ಟು ವರ್ಕ್‌ಶಾಪಿನ ಬಾಗಿಲಿಗೆ ಓಡಿ ಬಂದಿತ್ತು. ಮೇಜಿನ ಮೇಲೆ ರಾಣಿ ಅಡ್ಡ ಬಿದ್ದಿದ್ದಳು. ಕುತ್ತಿಗೆಗೆ ಎರಡು, ಬೆನ್ನಿಗೆ ಎರಡು, ಗಂಟಲ ಕೆಳಗೆ ಒಂದು, ಒಟ್ಟು ಐದು ಸೀಳು. ದವಡೆ ಜೋತುಬಿದ್ದಿತ್ತು. ರಕ್ತ ಮಾತ್ರ ಒಂದು ಹನಿಯೂ ಇರಲಿಲ್ಲ, ಏಕೆಂದರೆ ರಾಣಿಗೆ ಜೀವವೇ ಇರಲಿಲ್ಲ. ನೊರೆ ರಬ್ಬರಿನ ಚರ್ಮ, ಕಬ್ಬಿಣದ ಮೂಳೆ, ಗಾಜಿನ ಕಣ್ಣು. ಸಿನಿಮಾದಲ್ಲಿ ನೀರಿನಿಂದ ಎದ್ದು ದೋಣಿ ನುಂಗುವ ಪ್ರಾಣಿ ಅದು. ನುಂಗಬೇಕಾಗಿದ್ದದ್ದು ಇವತ್ತೇ ಸಂಜೆ.

"ಯಾರ್ರೀ ಮಾಡಿದ್ದು ಇದನ್ನ?" ಡೈರೆಕ್ಟರ್ ತಲೆಯ ಮೇಲೆ ಕೈ ಹೊತ್ತರು.

ಎಂಟು ತಿಂಗಳು ಕೂತು ರಾಣಿಯನ್ನು ಮಾಡಿದವರು ಮೇಷ್ಟ್ರು. ಬಲಗೈಯನ್ನು ಏಪ್ರನ್ನಿನ ಜೇಬಿನಲ್ಲಿ ತುರುಕಿಕೊಂಡು ಗೋಡೆ ನೋಡುತ್ತ ನಿಂತಿದ್ದರು.

ಜನರ ನಡುವೆ ದಾರಿ ಮಾಡಿಕೊಂಡು ಒಬ್ಬಳು ಒಳಗೆ ಬಂದಳು. ಕೈಯಲ್ಲಿ ನೋಟ್‌ಬುಕ್ಕು, ಕೊರಳಲ್ಲಿ ಸಣ್ಣ ಕ್ಯಾಮೆರಾ. ಯೂನಿಟ್ಟಿಗೆಲ್ಲ ಅವಳು ಅಕ್ಕ. ಅವಳ ಕೆಲಸ ಕಂಟಿನ್ಯುಯಿಟಿ. ಒಂದು ಶಾಟಿನಲ್ಲಿ ನಾಯಕನ ಅಂಗಿಯ ಗುಂಡಿ ಬಿಚ್ಚಿದ್ದರೆ ಮುಂದಿನ ಶಾಟಿನಲ್ಲೂ ಬಿಚ್ಚಿರಬೇಕು. ಅದನ್ನು ನೋಡಿಕೊಳ್ಳುವುದಕ್ಕೇ ಅವಳಿಗೆ ಸಂಬಳ. ಪ್ರತಿ ಟೇಕಿನಲ್ಲಿ ಏನಾಯಿತೆಂದು ಬರೆದುಕೊಳ್ಳುತ್ತಿದ್ದಳು, ಫೋಟೋ ತೆಗೆದಿಡುತ್ತಿದ್ದಳು. ಇನ್ನೊಂದು ಮಾತನ್ನೂ ಈಗಲೇ ಹೇಳಿಬಿಡುವುದು ಒಳ್ಳೆಯದು. ಬೊಂಬೆ ಮೇಷ್ಟ್ರು ಅವಳ ಅಪ್ಪ. ಇದೇ ಸಿನಿಮಾಕ್ಕೆ ಕಂಪ್ಯೂಟರಿನಲ್ಲಿ ಗ್ರಾಫಿಕ್ಸ್ ಮಾಡುತ್ತಿದ್ದವನು ಅವಳ ಗಂಡ.

ಮದುವೆಯಾದಂದಿನಿಂದ ಮಾವ ಅಳಿಯನ ನಡುವೆ ಒಂದೇ ವಾದ. "ಮುಟ್ಟೋಕಾಗದ ಪ್ರಾಣಿ ಕಂಡು ಯಾರಯ್ಯ ಹೆದರ್ತಾರೆ?" ಎಂದು ಮಾವ. "ಟಿಕೆಟ್ ತಗೊಂಡೋರು ಮುಟ್ಟೋಕೆ ಬರಲ್ಲ ಮಾವ, ನೋಡೋಕೆ ಬರ್ತಾರೆ" ಎಂದು ಅಳಿಯ. ಅಷ್ಟು ದಿನ ಅದು ಊಟದ ಜೊತೆಗಿನ ತಮಾಷೆಯಾಗಿತ್ತು. ಇವತ್ತು ಯಾರಿಗೂ ತಮಾಷೆಯಾಗಿ ಕಾಣಲಿಲ್ಲ.

ಮ್ಯಾನೇಜರ್ ಬಗ್ಗಿ ಮೇಜಿನ ಕೆಳಗಿನಿಂದ ಏನನ್ನೋ ಎತ್ತಿದ. ಬೂದು ಬಣ್ಣದ ಚೆಂಡು. ಬೆಳಕು ಯಾವ ಕಡೆಯಿಂದ ಬೀಳುತ್ತಿದೆ ಎಂದು ತಿಳಿಯಲು ಗ್ರಾಫಿಕ್ಸ್‌ನವರು ಕ್ಯಾಮೆರಾ ಮುಂದೆ ಹಿಡಿಯುವ ಚೆಂಡು ಅದು.

"ಇದು ಯಾರ್ದು ಅಂತ ಕೇಳೋ ಹಾಗೇ ಇಲ್ಲ," ಎಂದ ಮ್ಯಾನೇಜರ್. "ನಿನ್ನೆ ಐದೂವರೆಗೆ ಬ್ಯಾಗ್ ಹಾಕ್ಕೊಂಡು ಇಲ್ಲಿಂದ ಬಿರಬಿರ ಹೋಗಿದ್ದನ್ನ ನಾನೇ ಕಣ್ಣಾರೆ ನೋಡಿದೀನಿ."

ಎಲ್ಲರೂ ಅಕ್ಕನ ಗಂಡನ ಕಡೆ ತಿರುಗಿದರು.

"ನಾನು ಎಡಿಟಿಂಗ್ ರೂಮಲ್ಲಿದ್ದೆ," ಎಂದ ಅವನು. ಮಾವನ ಮುಖ ನೋಡಿದ. ನೆಲ ನೋಡಿದ.

ಆಗ ಮೇಷ್ಟ್ರು ಬಾಯಿ ತೆರೆದರು. "ಇನ್ಮೇಲೆ ಅಳಿಯಂದಿರು ನನ್ನ ಮನೆ ಹೊಸಿಲು ತುಳಿಯೋದು ಬೇಡ."

ಅಕ್ಕ ನೋಟ್‌ಬುಕ್ಕಿನಿಂದ ತಲೆ ಎತ್ತಿದಳು.

ಡೈರೆಕ್ಟರ್ ಗಡಿಯಾರ ನೋಡಿಕೊಂಡರು. ದೋಣಿ ಶಾಟಿಗೆ ಬೇಕಾದ ನೀರಿನ ತೊಟ್ಟಿ ಅವರಿಗೆ ಸಿಕ್ಕಿದ್ದು ಇವತ್ತು ಸಂಜೆಯವರೆಗೆ ಮಾತ್ರ. "ಹನ್ನೆರಡರೊಳಗೆ ನಿಜ ಗೊತ್ತಾಗ್ಬೇಕು. ಇಲ್ಲಾಂದ್ರೆ ಪೊಲೀಸ್ ಕಂಪ್ಲೇಂಟ್. ಚೆಂಡು ಯಾರದ್ದೋ ಅವರ ಮೇಲೇ."

* * *

"ನೀನು ಮಾಡಿದ್ಯಾ?" ಅಕ್ಕ ಗಂಡನನ್ನು ಹೊರಗೆ ಕರೆದು ಕೇಳಿದಳು.

"ನಿಂಗೇನನ್ಸುತ್ತೆ?"

"ನಂಗನ್ಸೋದು ಹಾಗಿರ್ಲಿ. ಐದೂವರೆಗೆ ಎಲ್ಲಿದ್ದೆ?"

ಗಂಡ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದ. "ಎಡಿಟಿಂಗ್ ರೂಮಲ್ಲಿ. ಹೇಳಿದ್ನಲ್ಲ."

ಸುಳ್ಳು ಹೇಳುವಾಗ ಅವನು ಕನ್ನಡಕ ಒರೆಸುತ್ತಾನೆ. ಅವನಿಗೆ ಅದು ಗೊತ್ತಿಲ್ಲ, ಅವಳಿಗೆ ಗೊತ್ತು. ಅಕ್ಕ ಇನ್ನೇನೂ ಕೇಳದೆ ಎದ್ದಳು. ಅಪ್ಪನ ಪರ ನಿಂತರೆ ಸಂಸಾರ ಹೋಗುತ್ತದೆ, ಗಂಡನ ಪರ ನಿಂತರೆ ತವರು ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ. ಅಳುತ್ತ ಕೂರೋಣವೆಂದರೆ ಹನ್ನೆರಡು ಗಂಟೆಯಾಗಲು ಮೂರೇ ಗಂಟೆ ಉಳಿದಿತ್ತು.

ಮೊದಲು ಮ್ಯಾನೇಜರನನ್ನು ಹಿಡಿದಳು. ವರ್ಕ್‌ಶಾಪಿಗೆ ಎರಡೇ ಬೀಗದ ಕೈ. ಒಂದು ಮೇಷ್ಟ್ರ ಹತ್ತಿರ, ಇನ್ನೊಂದು ಇವನ ಹತ್ತಿರ. ರಾಣಿಯನ್ನು ಕಂಡರೆ ಇವನಿಗೆ ಆಗುತ್ತಲೂ ಇರಲಿಲ್ಲ.

"ಅಯ್ಯೋ, ನನ್ಮೇಲೇನಾ ಅಕ್ಕ? ಅದನ್ನ ಹೊರೋಕೆ ಆರು ಜನ, ನೆನೆದ್ರೆ ಒಣಗೋಕೆ ಎರಡು ದಿನ. ಕಂಪ್ಯೂಟರಲ್ಲಿ ಮಾಡ್ಸಿ ಅಂತ ಮೊದ್ಲಿಂದ ಬಡ್ಕೊಂಡಿದ್ದು ನಾನೇ, ಒಪ್ಕೋತೀನಿ. ಆದ್ರೆ ಬಾಯಲ್ಲಿ ಬೈಯೋದು ಬೇರೆ, ಚಾಕು ಹಾಕೋದು ಬೇರೆ."

"ಬೀಗದ ಕೈ?"

"ಡೈರೆಕ್ಟರ್ ಕಾರಲ್ಲೇ ಮರೆತುಬಿಟ್ಟೆ. ಕಾರು ನಿನ್ನೆ ಮಧ್ಯಾಹ್ನದಿಂದ ಗ್ಯಾರೇಜಲ್ಲಿದೆ."

ಅಕ್ಕ ಅಲ್ಲೇ ನಿಂತು ಗ್ಯಾರೇಜಿಗೆ ಫೋನ್ ಮಾಡಿದಳು. ಕಾರೂ ಅಲ್ಲಿತ್ತು, ಸೀಟಿನ ಮೇಲೆ ಬೀಗದ ಕೈಯೂ ಇತ್ತು.

"ನಿನ್ನೆ ಬಾಗಿಲು ಎಷ್ಟೊತ್ತಿನವರೆಗೆ ತೆಗೆದಿತ್ತು?"

"ಮೇಷ್ಟ್ರು ಐದಕ್ಕೆ ಬಾಗಿಲು ಬರೀ ಮುಂದಕ್ಕೆ ಮಾಡಿ ಹೊರಗೆ ಹೋದ್ರು. ಆರಕ್ಕೆ ವಾಪಸ್ ಬಂದ್ರು. ಏಳಕ್ಕೆ ಬೀಗ ಹಾಕ್ಕೊಂಡು ಮನೆಗೆ ಹೊರಟ್ರು. ಯಾಕೋ ಮಾತಾಡಿಸಿದ್ರೂ ಮಾತಾಡ್ಲಿಲ್ಲ."

ಅಕ್ಕ ಬರೆದುಕೊಂಡಳು. ಐದೂವರೆಗೆ ಗಂಡ ರಾಣಿಯನ್ನು ಸೀಳಿದ್ದರೆ ಆರಕ್ಕೆ ಬಂದ ಅಪ್ಪನಿಗೆ ಕಾಣಲಿಲ್ಲವೇ?

ಕಾಣಲಿಲ್ಲ ಎಂದರು ಅಪ್ಪ. "ಮೇಲೆ ಬಟ್ಟೆ ಮುಚ್ಚಿತ್ತು. ಎತ್ತಿ ನೋಡ್ಲಿಲ್ಲ." ಮಗಳಿಗೆ ಬೆನ್ನು ಮಾಡಿಯೇ ಹೇಳಿದರು.

ಅಕ್ಕ ಹೊರಗೆ ಬಂದಳು. ನೊರೆ ರಬ್ಬರು ಒಂದಕ್ಕೊಂದು ಅಂಟಿಕೊಳ್ಳಬಾರದೆಂದು ಪ್ರತಿ ಸಂಜೆ ಬ್ರಷ್ಷಿನಲ್ಲಿ ಪೌಡರ್ ಸವರದೆ ಅಪ್ಪ ಬೀಗ ಹಾಕಿದವರಲ್ಲ. ಬಟ್ಟೆ ಎತ್ತದೆ ಪೌಡರ್ ಸವರುವುದು ಹೇಗೆ?

ಈ ಪ್ರಶ್ನೆಯನ್ನು ಅವಳು ಬರೆದುಕೊಳ್ಳಲಿಲ್ಲ.

* * *

ಎಡಿಟಿಂಗ್ ರೂಮೆಂದರೆ ಕಿಟಕಿಗೆ ಕಪ್ಪು ಬಟ್ಟೆ ಹೊಡೆದ ಒಂದು ಗೂಡು. ಎಡಿಟರ್ ಬಿಸ್ಕತ್ತು ತಿನ್ನುತ್ತ ಕೂತಿದ್ದ.

"ನಿನ್ನೆ ಐದೂವರೆಗೆ ನಮ್ಮೆಜಮಾನ್ರು ಇಲ್ಲಿದ್ರಾ?"

"ಇಲ್ವಲ್ಲ ಅಕ್ಕ. ನಿಮ್ಮಪ್ಪ ಇದ್ರು. ದವಡೆ ಶಾಟ್ ರೆಡಿಯಾಗಿದೆ, ನೋಡ್ಬನ್ನಿ ಅಂತ ನಾನೇ ಕರೆದಿದ್ದೆ. ಎಷ್ಟು ಸಲ ನೋಡಿದ್ರು ಗೊತ್ತಾ? ಹನ್ನೊಂದು ಸಲ! ನಿಮ್ಮ ಕೈ ಎಷ್ಟು ಗಟ್ಟಿ ಮೇಷ್ಟ್ರೇ ಅಂದೆ. ಒಂದು ಮಾತೂ ಆಡದೆ ಎದ್ದು ಹೋದ್ರು."

"ನನಗೂ ತೋರ್ಸಿ."

ಪರದೆಯ ಮೇಲೆ ರಾಣಿ ನೀರಿನಿಂದ ತಲೆ ಎತ್ತಿದಳು. ದವಡೆ ನಿಧಾನವಾಗಿ, ಬೆಣ್ಣೆಯಲ್ಲಿ ಚಾಕು ಇಳಿದಂತೆ ಮುಚ್ಚಿತು.

"ಎಷ್ಟನೇ ಟೇಕು?"

"ನಾಲ್ಕು."

ಅಕ್ಕ ನೋಟ್‌ಬುಕ್ಕಿನ ಹಾಳೆ ತಿರುವಿದಳು. ಅವಳದೇ ಅಕ್ಷರ. *ಟೇಕ್ ನಾಲ್ಕು: ದವಡೆ ಮುಚ್ಚುವಾಗ ನಡುಗಿತು, ಮೂರು ಸಲ.* ಹಿಂದಿನ ಹಾಳೆ ತಿರುವಿದಳು. ಅದರ ಹಿಂದಿನದನ್ನೂ. *ನಡುಗಿತು. ನಡುಗಿತು. ಸ್ವಲ್ಪ ನಡುಗಿತು.* ಆರು ವಾರಗಳಿಂದ ಬರೆಯುತ್ತಲೇ ಬಂದಿದ್ದಾಳೆ. ದವಡೆ ಆಡಿಸುವ ತಂತಿ ಬಿಗಿಯಾಗಿರಬೇಕು ಅಂದುಕೊಂಡಿದ್ದಳು. ಆ ತಂತಿಯನ್ನು ಎಳೆಯುವ ಕೈ ಯಾರದೆಂದು ಯೋಚಿಸಿಯೇ ಇರಲಿಲ್ಲ. ಲೋಕದ ಗುಂಡಿಗಳನ್ನೆಲ್ಲ ಎಣಿಸುವವಳಿಗೆ ಸ್ವಂತ ಅಪ್ಪನ ಕೈ ಕಂಡಿರಲಿಲ್ಲ. ದೀಪದ ಬುಡದಲ್ಲೇ ಕತ್ತಲು.

ಗಂಡ ಮೆಟ್ಟಿಲ ಮೇಲೆ ಕೂತಿದ್ದ. ಅವಳು ಎದುರಿಗೆ ಹೋಗಿ ನಿಂತಳು.

"ಎಷ್ಟು ದಿನದಿಂದ ಕಂಪ್ಯೂಟರಲ್ಲಿ ಅಪ್ಪನ ನಡುಕ ಅಳಿಸ್ತಿದ್ದೀಯ?"

ಅವನ ಕೈ ಕನ್ನಡಕಕ್ಕೆ ಹೋಯಿತು.

"ಒರೆಸ್ಬೇಡ! ಹೇಳು."

"ಐದು ವಾರ. ಯಾರಿಗೂ ಹೇಳಿಲ್ಲ. ಅಳಿಸೋಕೆ ಬೇಕು ಅಂತ ನಿನ್ನೆ ದವಡೆ ಫೋಟೋ ಹತ್ರದಿಂದ ತಗೊಳ್ಳೋಕೆ ಹೋಗಿದ್ದೆ, ಚೆಂಡು ಅಲ್ಲೇ ಉಳೀತು. ಯಾಕೆ ಹೋಗಿದ್ದೆ ಅಂತ ಹೇಳಿದ್ರೆ ಎಲ್ಲಾ ಹೇಳ್ಬೇಕಾಗುತ್ತೆ."

"ಪೊಲೀಸರು ಬಂದ್ರೂ ಹೇಳ್ತಿರ್ಲಿಲ್ವಾ?"

"ನಲವತ್ತು ವರ್ಷ ಆ ಕೈಯಿಂದ ಬದುಕಿದ್ದಾರೆ ಕಣೇ."

ಅವನ ಕೆನ್ನೆಗೆ ಬಾರಿಸಬೇಕೋ ಅಪ್ಪಿಕೊಳ್ಳಬೇಕೋ ಅವಳಿಗೆ ತಿಳಿಯಲಿಲ್ಲ. ಎರಡಕ್ಕೂ ಸಮಯವಿರಲಿಲ್ಲ.

* * *

ಹನ್ನೆರಡಕ್ಕೆ ಐದು ನಿಮಿಷವಿರುವಾಗ ಅಕ್ಕ ಎಲ್ಲರನ್ನೂ ವರ್ಕ್‌ಶಾಪಿಗೆ ಕರೆದಳು. ಮೊದಲು ಅಪ್ಪನ ಹತ್ತಿರ ಹೋಗಿ ಮೆಲ್ಲಗೆ ಕೇಳಿದಳು. "ಅಪ್ಪ, ನೀವೇ ಏನಾದ್ರೂ ಹೇಳ್ತೀರಾ?"

"ನಾನೇನು ಹೇಳ್ಲಿ?" ಎಂದರು ಮೇಷ್ಟ್ರು.

"ಸರಿ. ಹಾಗಾದ್ರೆ ನಾನೇ ಹೇಳ್ತೀನಿ." ಅವಳು ಮೇಜಿನ ಬಳಿ ನಿಂತಳು. "ಡೈರೆಕ್ಟರ್ ಸಾರ್, ಈ ಐದು ಸೀಳನ್ನ ಹತ್ರದಿಂದ ನೋಡಿ. ರಾಣಿ ಅಚ್ಚಿಂದ ತುಂಡು ತುಂಡಾಗಿ ಬಂದು ಆಮೇಲೆ ಜೋಡಿಸಿದ್ದು. ಐದಕ್ಕೆ ಐದೂ ಆ ಜೋಡಣೆ ಮೇಲೇ ಬಿದ್ದಿವೆ. ಬಣ್ಣ ಹಚ್ಚಿ ಜೋಡಣೆ ಮುಚ್ಚಿತ್ತು. ಎಲ್ಲಿದೆ ಅಂತ ಹೊರಗಿನವರಿಗೆ ಗೊತ್ತೇ ಆಗಲ್ಲ. ಮುಖಕ್ಕೆ ಒಂದು ಗೀರೂ ಇಲ್ಲ. ಹಾಳು ಮಾಡೋಕೆ ಬಂದವನು ಮೊದಲು ಮುಖಕ್ಕೆ ಚಾಕು ಹಾಕ್ತಾನೆ."

"ಗ್ರಾಫಿಕ್ಸ್‌ನವರ ಹತ್ರ ರಾಣಿಯ ಅಳತೆ ಎಲ್ಲಾ ಇದೆಯಲ್ಲ, ಅವರಿಗೂ ಗೊತ್ತಿರ್ಬಹುದು," ಎಂದ ಮ್ಯಾನೇಜರ್.

"ಇರ್ಬಹುದು. ಇದನ್ನ ನೋಡಿ." ದವಡೆಯ ತಂತಿಯನ್ನು ಎತ್ತಿ ಹಿಡಿದಳು. ಸೈಕಲ್ ಬ್ರೇಕಿನದರಂಥ ಹೆಣೆದ ಉಕ್ಕಿನ ತಂತಿ, ನಡುವೆ ತುಂಡಾಗಿತ್ತು. "ಈ ತಂತಿನ ಹಾಗೇ ಕತ್ತರಿಸಿದ್ರೆ ಎಳೆ ಎಳೆ ಬಿಚ್ಚಿ ಪೊರಕೆ ಆಗುತ್ತೆ. ಅದಕ್ಕೇ ಕೆಲಸ ಗೊತ್ತಿರೋರು ಮೊದಲು ಟೇಪ್ ಸುತ್ತಿ, ಟೇಪಿನ ಮೇಲೆ ಕತ್ತರಿಸ್ತಾರೆ. ಇಲ್ಲಿ ನೋಡಿ, ಎರಡು ತುದಿಗೂ ಅರ್ಧರ್ಧ ಟೇಪ್. ನಿನ್ನೆ ನಾಲ್ಕು ಗಂಟೆಗೆ ನಾನು ತೆಗೆದ ಫೋಟೋದಲ್ಲಿ ಇದೇ ಜಾಗದಲ್ಲಿ ಟೇಪ್ ಇಲ್ಲ. ಅಂದ್ರೆ ಕತ್ತರಿಸೋಕೆ ಅಂತಲೇ ಸುತ್ತಿದ್ದು. ಶತ್ರು ಯಾರಾದ್ರೂ ತಂತಿ ಕೆಡಬಾರ್ದು ಅಂತ ಜೋಪಾನ ಮಾಡಿ ಕತ್ತರಿಸ್ತಾನಾ ಸಾರ್? ನನ್ನ ಗಂಡನಿಗೆ ಟೇಪ್ ಎಲ್ಲಿಡ್ತಾರೆ ಅಂತಾನೂ ಗೊತ್ತಿಲ್ಲ."

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ನಲವತ್ತು ವರ್ಷ ಮಾಡಿದ ಕೆಲಸವೂ ಹಾಗೆಯೇ. ಕೊಲ್ಲಲು ಹೊರಟ ಕೈಯೂ ತಾನು ಕಲಿತ ರೀತಿಯಲ್ಲೇ ಕೊಂದಿತ್ತು.

ಡೈರೆಕ್ಟರ್ ನಿಧಾನವಾಗಿ ಮೇಷ್ಟ್ರ ಕಡೆ ತಿರುಗಿದರು. "ಆರಿಂದ ಏಳು ಇಲ್ಲಿದ್ದೋರು ನೀವೊಬ್ರೇ. ಆದ್ರೆ ತಾವೇ ಮಾಡಿದ್ದನ್ನ ತಾವೇ ಯಾಕೆ ಕುಯ್ತೀರಿ?"

ಅಕ್ಕನಿಗೆ ಉತ್ತರ ಗೊತ್ತಿತ್ತು, ಬಾಯಿ ಬರಲಿಲ್ಲ. ಗಂಡ ದೂರದಿಂದ ಬೇಡ ಎಂದು ತಲೆಯಾಡಿಸುತ್ತಿದ್ದ. ಆ ತಲೆಯಾಟವನ್ನು ಮೇಷ್ಟ್ರೂ ನೋಡಿದರು.

ಅವರು ಬಲಗೈಯನ್ನು ಜೇಬಿನಿಂದ ಹೊರಗೆ ತೆಗೆದು ಎಲ್ಲರೆದುರು ಹಿಡಿದರು. ಕೈ ತನ್ನಷ್ಟಕ್ಕೆ ನಡುಗುತ್ತಿತ್ತು.

"ಇದಕ್ಕೆ," ಎಂದರು. "ನಾಲ್ಕನೇ ಟೇಕು ಕೆಟ್ಟಿತ್ತು. ನನಗೆ ಗೊತ್ತಿತ್ತು. ನಿನ್ನೆ ನೋಡಿದ್ರೆ ಚೊಕ್ಕವಾಗಿದೆ. ಅದು ನನ್ನ ಕೈ ಅಲ್ಲ. ಹನ್ನೊಂದು ಸಲ ನೋಡ್ದೆ, ಒಂದು ಸಲಾನೂ ನನ್ನ ಕೈ ಅಲ್ಲ. ಮಗು ಉಚ್ಚೆ ಹೊಯ್ದಿದ್ದನ್ನ ಒರೆಸಿದ ಹಾಗೆ ಈತ ನನ್ನ ಹಿಂದೆ ಹಿಂದೆ ಒರೆಸ್ಕೊಂಡು ಬಂದಿದ್ದಾನೆ. ಇವತ್ತು ದೋಣಿ ಶಾಟು. ದೋಣಿ ಒಂದೇ ಇರೋದು, ಟೇಕು ಒಂದೇ. ಇಷ್ಟು ಜನರ ಮುಂದೆ ಕೈ ಸೋತ್ರೆ ಏನು ಮಾಡ್ಲಿ? ರಾಣಿನೇ ಇಲ್ಲ ಅಂದ್ರೆ ಶಾಟೂ ಇಲ್ಲ ಅನ್ಕೊಂಡೆ. ಇವನ ಮೇಲೆ ಹಾಕ್ಬೇಕು ಅಂತಿರ್ಲಿಲ್ಲ. ಚೆಂಡು ಸಿಕ್ತು, ನಾನು ಬಾಯಿ ಮುಚ್ಕೊಂಡೆ."

"ಬಾಯಿ ಮುಚ್ಕೊಳ್ಲಿಲ್ಲಪ್ಪ," ಎಂದಳು ಅಕ್ಕ. ಅವಳ ಸಿಟ್ಟು ಈಗ ಕಟ್ಟೆಯೊಡೆದಿತ್ತು. "ಹೊಸಿಲು ತುಳೀಬೇಡ ಅಂದ್ರಿ. ಮೂರು ಗಂಟೆ ನಾನು ನನ್ನ ಗಂಡನ್ನ ಕಳ್ಳನ್ನ ನೋಡೋ ಹಾಗೆ ನೋಡಿದೀನಿ. ನಿಮ್ಮ ಮರ್ಯಾದೆ ಕಾಯೋಕೆ ಅವನು ಜೈಲಿಗೂ ಹೋಗ್ತಿದ್ದ. ನೀವು ಕಳಿಸ್ತಿದ್ರಿ."

ಮೇಷ್ಟ್ರು ಅಳಿಯನ ಮುಂದೆ ಹೋಗಿ ನಿಂತರು. "ತಪ್ಪಾಯ್ತು," ಎಂದರು. ಹಿರಿಯರು ಅಳಿಯನ ಮುಂದೆ ಆಡುವ ಮಾತಲ್ಲ ಅದು. ಅಳಿಯ ಏನೋ ಹೇಳಲು ಹೋಗಿ ಬರೀ "ಮಾವ" ಎಂದ.

"ಇದೆಲ್ಲ ಮನೆಗೆ ಹೋಗಿ ಮುಗಿಸ್ಕೊಳ್ಳಿ," ಎಂದರು ಡೈರೆಕ್ಟರ್. ಅವರ ದನಿಯಲ್ಲೂ ಮೊದಲಿನ ಬಿರುಸಿರಲಿಲ್ಲ. "ಕಂಪ್ಲೇಂಟ್ ಗಿಂಪ್ಲೇಂಟ್ ಏನೂ ಇಲ್ಲ. ರಾಣಿ ಸಂಜೆಗೆ ಏಳ್ತಾಳಾ?"

"ಜೋಡಣೆ ಮೇಲೇ ಕುಯ್ದಿರೋದು. ಅಂಟು ಹಾಕೋಕೆ ಎರಡು ಗಂಟೆ, ಒಣಗೋಕೆ ಒಂದು. ತಂತಿ ಹೊಸದು ಹಾಕ್ತೀನಿ."

"ತಂತಿ ಎಳೆಯೋರು?"

ಮೇಷ್ಟ್ರು ಅಳಿಯನ ಕಡೆ ನೋಡಿದರು.

* * *

ನಾಲ್ಕು ಗಂಟೆಗೆ ತಂತಿಯ ಹಿಡಿ ಅಳಿಯನ ಕೈಯಲ್ಲಿತ್ತು. ಜೀವಮಾನದಲ್ಲಿ ಮೌಸ್ ಬಿಟ್ಟು ಬೇರೇನೂ ಎಳೆದವನಲ್ಲ. ತಾಲೀಮಿನಲ್ಲಿ ಆರು ಸಲ ರಾಣಿ ಕೆಮ್ಮಿದಳು, ಎರಡು ಸಲ ಬಾಯಿ ಮುಚ್ಚಲೇ ಇಲ್ಲ.

"ಎಳೀಬೇಡ! ಬಾವಿಯಿಂದ ಕೊಡ ಎತ್ತುತ್ತಿದ್ದೀಯಾ? ಅವಳು ಉಸಿರು ಬಿಡ್ಲಿ, ಆಮೇಲೆ," ಎಂದು ಮೇಷ್ಟ್ರು ಬೆನ್ನ ಹಿಂದೆ ನಿಂತು ಗದರುತ್ತಿದ್ದರು.

"ಮಾವ, ಕಂಪ್ಯೂಟರಲ್ಲಿ ಇದು ಎರಡು ಕ್ಲಿಕ್ಕು."

"ಕ್ಲಿಕ್ ಮಾಡಿ ದೋಣಿ ಮುರಿ ನೋಡೋಣ!"

ಕ್ಯಾಮೆರಾ ಓಡಿತು. ರಾಣಿ ನೀರು ಸುರಿಸುತ್ತ ಎದ್ದಳು. ಮೇಷ್ಟ್ರು ಉಸಿರು ಬಿಗಿಹಿಡಿದು, "ಇನ್ನೂ ಇಲ್ಲ... ಇನ್ನೂ ಇಲ್ಲ... ಈಗ" ಎಂದರು. ದವಡೆ ಇಳಿಯಿತು. ಇರುವ ಒಂದೇ ದೋಣಿ ಚಟಾರನೆ ಎರಡಾಯಿತು.

"ಓಕೆ!" ಡೈರೆಕ್ಟರ್ ಕುಣಿದುಬಿಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಅಕ್ಕ ತಟ್ಟಲಿಲ್ಲ. ಅವಳ ಕೋಪ ಇನ್ನೂ ಇಳಿದಿರಲಿಲ್ಲ, ಅಷ್ಟು ಸುಲಭಕ್ಕೆ ಇಳಿಯುವಂಥದ್ದೂ ಅಲ್ಲ. ಅಪ್ಪ ಒದ್ದೆ ಕಟ್ಟೆಯ ಮೇಲೆ ಕೂತರು. ಅವರು ಕೈಯನ್ನು ಮತ್ತೆ ಜೇಬಿಗೆ ಹಾಕಲಿಲ್ಲ. ಅವಳು ಹೋಗಿ ಪಕ್ಕದಲ್ಲಿ ಕೂತಳು.

"ನಾಳೆ ಡಾಕ್ಟರ ಹತ್ರ ಹೋಗ್ಬೇಕು," ಎಂದಳು. "ನಾನು ಕರ್ಕೊಂಡು ಹೋಗ್ತೀನಿ."

ಮೇಷ್ಟ್ರು ಆಚೆ ನೋಡಿದರು. ಅಳಿಯ ಸೊಂಟದವರೆಗೆ ನೀರಿನಲ್ಲಿ ನಿಂತು, ರಾಣಿಯ ತಲೆ ಮುಳುಗದಂತೆ ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದ.

"ಅವನೂ ಬರ್ಲಿ," ಎಂದರು. "ನನಗೆ ಭಯ ಆಗುತ್ತೆ."