ಅದಿ ಸೆರಾವ್ ಕವಲಿನ ನೀಲಿ ಕಲ್ಲುಗಳು

ಮೊದಲು ಬರಬೇಕಾಗಿದ್ದ ಫಿತ್ಸುಮ್ ಒಂಬತ್ತನೆಯವನಾಗಿ ಬಂದ. ಗೆರೆ ದಾಟಿದವನು ಸೈಕಲ್ಲಿನಿಂದ ಇಳಿಯಲಿಲ್ಲ. ಹ್ಯಾಂಡಲಿನ ಮೇಲೆ ಹಣೆಯಿಟ್ಟು ಕೇಳಿದ—

“ಕಲ್ಲು ಯಾರು ಸರಿಸಿದ್ದು?”

ದೆಕೆಮ್ಹರೆ ಪಟ್ಟಣದ ಚೌಕದಲ್ಲಿ ಚಪ್ಪಾಳೆ ನಿಂತಿತು. ಗೆದ್ದ ನೆಗಾಸಿಯ ಕೊರಳಿಗೆ ಹಾರ ಹಾಕುತ್ತಿದ್ದವರು ಹಾಗೇ ತಿರುಗಿ ನೋಡಿದರು.

ನಾನು ಕ್ಲಬ್ಬಿನ ಗಡಿಯಾರ ಹಿಡಿಯುವವನು. ಉಳಿದ ದಿನ ಶಾಲೆಯ ಮಾಸ್ತರ. ಕೊನೆಯ ಗುಡ್ಡದ ನೆತ್ತಿಯಲ್ಲಿ ಫಿತ್ಸುಮ್ ಉಳಿದವರಿಗಿಂತ ಆರು ನಿಮಿಷ ಮುಂದಿದ್ದುದನ್ನು ನಾನೇ ಬರೆದುಕೊಂಡಿದ್ದೆ. ಆಮೇಲೆ ಇದ್ದದ್ದು ಒಂದೇ ಕವಲು, ಅದಿ ಸೆರಾವ್ ಹಳ್ಳಿಯದು. ಮೇಲಿನ ದಾರಿ ಓಟದ ದಾರಿ. ಕೆಳಗಿನದು ಅತ್ತಿಮರಗಳ ನೆರಳಿನ ಹಳೆಯ ದಾರಿ. ಎರಡೂ ಸೇತುವೆಯ ಬಳಿ ಸೇರುತ್ತವೆ, ಆದರೆ ಕೆಳಗಿನದು ನಾಲ್ಕು ಕಿಲೋಮೀಟರ್ ಉದ್ದ. ನಮ್ಮಲ್ಲಿ ಹೋಗಬಾರದ ದಾರಿಗೆ ನೀಲಿ ಬಳಿದ ಐದು ಕಲ್ಲು ಅಡ್ಡ ಇಡುತ್ತೇವೆ. ಕಲ್ಲಿದ್ದ ಕಡೆ ಸವಾರ ಹೋಗಕೂಡದು.

“ಕಲ್ಲು ಮೇಲಿನ ದಾರಿಗೆ ಅಡ್ಡ ಇತ್ತು. ಕೊನೇ ಗಳಿಗೇಲಿ ದಾರಿ ಬದಲಾಯ್ಸಿದ್ದಾರೆ ಅಂದ್ಕೊಂಡು ಕೆಳಗೆ ತಿರುಗಿದೆ” ಎಂದ ಫಿತ್ಸುಮ್.

“ನಾವು ಬಂದಾಗ ಕೆಳಗಿನ ದಾರೀಗೇ ಅಡ್ಡ ಇತ್ತಲ್ಲೋ! ಕಲ್ಲಿಗೇನು ಕಾಲು ಬಂತಾ?” ಎಂದ ನೆಗಾಸಿ.

ಅಧ್ಯಕ್ಷ ಎಯೋಬ್ ಕನ್ನಡಕ ತೆಗೆದು ಒರೆಸಿದ. ಸಂಜೆ ಐದಕ್ಕೆ ಕ್ಲಬ್ಬಿನ ತಂಡದ ಪಟ್ಟಿ ರಾಜಧಾನಿ ಅಸ್ಮರಾಕ್ಕೆ ಹೋಗಬೇಕು. ಉಳಿದಿರುವುದು ಒಂದೇ ಜಾಗ, ಗೆದ್ದವನಿಗೆ.

“ನೋಡಪ್ಪಾ ಫಿತ್ಸುಮ್, ನಿನ್ನ ಮಾತು ನಿಜವಾದ್ರೆ ನ್ಯಾಯ ಸಿಗುತ್ತೆ. ಸುಳ್ಳಾದ್ರೆ ಒಂದು ವರ್ಷ ಸೈಕಲ್ ಮುಟ್ಟೋ ಹಾಗಿಲ್ಲ. ಊರಿನವರು ಕೈಯಾಡಿಸಿದ್ದಾರೆ ಅಂತಾದ್ರೆ ಆ ದಾರೀನೇ ಬೇಡ. ಮುಂದಿನ ವರ್ಷದಿಂದ ಹೆದ್ದಾರೀಲೇ ಓಟ.”

ಹಿಂದೆ ಕುರ್ಚಿಯಲ್ಲಿ ಕುಳಿತಿದ್ದ ಮುದುಕರೊಬ್ಬರು ಜಪಸರ ಮಡಿಸಿ ಜೇಬಿಗೆ ಹಾಕಿಕೊಂಡರು. ಹಬ್ತೆಜ್ಗಿ. ನಲವತ್ತು ವರ್ಷ ಸೈಕಲ್ ರಿಪೇರಿ ಮಾಡಿದವರು. ಹೊಲ, ಹಳ್ಳ, ಗುಡಿಗಳ ಪಕ್ಕದಲ್ಲಿ ಹಾಯುವ ಈ ಓಟದ ದಾರಿಯನ್ನು ನಡೆದೂ ತುಳಿದೂ ಗುರುತಿಸಿದವರು ಅವರೇ. ಇಡೀ ಕ್ಲಬ್ಬಿಗೆ ಅವರು ಅಬೋಯ್, ಅಂದರೆ ಅಪ್ಪ. ಕಳುವಾದ ಸೈಕಲ್ಲಿನಿಂದ ಹಿಡಿದು ಕಳೆದುಹೋದ ಹಸುವಿನವರೆಗೆ ಎಲ್ಲರೂ ಕೇಳಲು ಹೋಗುವುದು ಅವರನ್ನೇ.

“ಮಾಸ್ತರೇ, ಗಾಡಿ ತೆಗೀರಿ. ಕಲ್ಲನ್ನೇ ಕೇಳೋಣ” ಎಂದರು.

ಪಿಕಪ್ಪಿನ ಮುಂದೆ ನಾನು, ಅಬೋಯ್, ಎಯೋಬ್. ಹಿಂದೆ ಫಿತ್ಸುಮ್, ನೆಗಾಸಿ, ಕಲ್ಲಿಟ್ಟ ಜೆಮಿಕಾಯೆಲ್. ಈ ಜೆಮಿಕಾಯೆಲ್ ನೆಗಾಸಿಯ ಸೋದರಮಾವ. ಆ ಒಂದು ಸಂಬಂಧ ಎಲ್ಲರ ತಲೆಯಲ್ಲಿತ್ತು, ಯಾರೂ ಬಾಯಿಬಿಡಲಿಲ್ಲ. ಮಳೆ ಮುಗಿದು ಬಾರ್ಲಿ ಮೊಣಕಾಲೆತ್ತರ ನಿಂತಿತ್ತು. ದೇವರು ಹಸಿರನ್ನು ಕೈಬಿಚ್ಚಿ ಚೆಲ್ಲಿದ ಕಾಲ. ಅದರ ನಡುವೆ ಹಾಯುತ್ತಾ ಮನುಷ್ಯರು ಒಬ್ಬರ ಮೇಲೊಬ್ಬರು ಅನುಮಾನಪಡುವುದು ನನಗೆ ನಾಚಿಕೆಯೆನಿಸಿತು.

ಕವಲಿನಲ್ಲಿ ಇಳಿದೆವು. ಐದು ಕಲ್ಲುಗಳು ಕೆಳಗಿನ ದಾರಿಗೆ ಅಡ್ಡ, ಸಾಲಾಗಿ. ಹಬ್ಬದ ರೊಟ್ಟಿಯಷ್ಟು ಅಗಲದವು. ಅಬೋಯ್ ಬೆರಳಿಂದ ಮುಟ್ಟಿದರು. ಬೆರಳು ನೀಲಿಯಾಯಿತು.

“ಏನೋ ಜೆಮಿಕಾಯೆಲ್, ಬಣ್ಣಕ್ಕೆ ಹಾಲು ಗೀಲು ಬೆರೆಸ್ತೀಯಾ? ಇನ್ನೂ ಒಣಗಿಲ್ಲ?”

“ಎಣ್ಣೆ ಬಣ್ಣ ಅಬೋಯ್. ಬೆಳಿಗ್ಗೆ ಆರಕ್ಕೆ ಇಲ್ಲೇ ಬಳಿದಿಟ್ಟು ಗುಡ್ಡದ ನೆತ್ತಿಯ ಕವಲಿಗೆ ಹೋದೆ. ರಾತ್ರಿವರೆಗೂ ಅಂಟುತ್ತೆ.”

“ಆರಕ್ಕೆ ಇಟ್ಟೋನು ಮತ್ತೆ ಬರಲಿಲ್ಲ?”

“ಇಲ್ಲ.”

“ಯಾರನ್ನಾದ್ರೂ ಮಾತಾಡಿಸಿದ್ಯಾ?”

“ಅಷ್ಟು ಹೊತ್ತಿಗೆ ಯಾರಿರ್ತಾರೆ? ಇಟ್ಟೆ, ಹೋದೆ.”

ಅಬೋಯ್ ಮೇಲಿನ ದಾರಿಯತ್ತ ನಡೆದರು. ಟಾರಿನ ಮೇಲೆ ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು.

“ಮಾಸ್ತರೇ, ಎಣಿಸಿ.”

ಎಣಿಸಿದೆ. ರಸ್ತೆಯ ಅಡ್ಡಕ್ಕೆ ನೀಲಿ ಕಲೆಗಳು. ಐದು.

ಫಿತ್ಸುಮ್ ಜೋರಾಗಿ ಉಸಿರು ಬಿಟ್ಟ. “ನೋಡಿದ್ರಾ? ಇಲ್ಲೇ ಇತ್ತು!”

“ನೀನು ಸುಳ್ಳು ಹೇಳಿಲ್ಲ, ಸರಿ. ಹಾಗಾದ್ರೆ ಬೇರೆ ಯಾರೋ ಹೇಳ್ತಿದ್ದಾರೆ” ಎನ್ನುತ್ತಾ ಎಯೋಬ್ ಜೆಮಿಕಾಯೆಲ್ಲನ ಕಡೆ ತಿರುಗಿದ. ಅವನ ಹತ್ತು ಬೆರಳೂ ನೀಲಿಯಾಗಿದ್ದವು.

“ನಮ್ಮ ಮಾವನ್ನ ಯಾಕೆ ನೋಡ್ತೀರಿ?” ನೆಗಾಸಿ ಗಾಡಿಯಿಂದ ಜಿಗಿದ. “ಕಾಲಲ್ಲಿ ಗೆದ್ದಿದ್ದೀನಿ ನಾನು, ಕಲ್ಲಲ್ಲಲ್ಲ!”

“ಕೂಗ್ಬೇಡ ಮಗಾ” ಎಂದರು ಅಬೋಯ್. “ಅಲ್ಲಿ ಚಪ್ಪರ ಹಾಕಿದ್ದಾರೆ, ಕಾಣಿಸ್ತಿಲ್ವಾ?”

ಆಗಲೇ ನಮಗೆ ಕಂಡದ್ದು. ಹಳ್ಳಿಯ ಅಂಚಿನ ಮನೆಯ ಮುಂದೆ ಟಾರ್ಪಾಲಿನ ಚಪ್ಪರ, ಬೆಂಚುಗಳು, ತಲೆ ತಗ್ಗಿಸಿ ಕೂತ ಗಂಡಸರು. ಸಾವಿನ ಮನೆ. ನಮ್ಮ ದನಿ ತಾನಾಗಿಯೇ ಇಳಿಯಿತು.

ಚಪ್ಪರದ ಬೆಂಚಿನ ಮೇಲೆ ಹೋಗಿ ಕೂತೆವು. ಬೆಳಗಿನ ಜಾವ ತೀರಿಕೊಂಡವಳು ನೂಲುವ ಮುದುಕಿ ಲೆತೆಜ್ಗಿ. ಹನ್ನೊಂದಕ್ಕೆಲ್ಲ ಮಣ್ಣು ಮಾಡಿಯಾಗಿತ್ತು. ಊರ ಹಿರಿಯನ ಕಿವಿಯ ಬಳಿ ಬಾಗಿ ಅಬೋಯ್ ಕೇಳಿದರು—

“ಹೆಣದ ಮಂಚ ಹೊತ್ತುಕೊಂಡು ಯಾವ ದಾರೀಲಿ ಹೋದ್ರಿ?”

“ಇನ್ಯಾವುದು? ಮೇಲಿನ ದಾರಿ. ತಿರುವಿನ ಆಚೆ ಗುಡಿಯ ಕಾಲುದಾರಿ ಸಿಗುತ್ತಲ್ಲ, ಅಲ್ಲೀತನಕ.”

“ಏಳು ಕಡೆ ಇಳಿಸಿ ಪ್ರಾರ್ಥನೆ ಮಾಡಿದ್ರಾ?”

“ಮಾಡದೆ ಹೆಣ ಎತ್ತೋದುಂಟೇ? ಒಂಬತ್ತೂ ಮೂವತ್ತೈದಕ್ಕೆ ಹೊರಟು ಹತ್ತೂ ಹದಿನೈದರ ಹತ್ರ ಹತ್ರ ಕಾಲುದಾರಿಗೆ ಇಳಿದ್ವಿ.”

“ನೀವು ರಸ್ತೇಲಿದ್ದಾಗ ಸೈಕಲ್ಲಿನೋರು ಬಂದ್ರಾ?”

“ಒಬ್ಬನೂ ಇಲ್ಲ. ದೇವರು ದೊಡ್ಡೋನು.”

ಅಬೋಯ್ ನನ್ನ ಸಮಯದ ಪುಸ್ತಕ ತೆಗೆಸಿ ನೋಡಿದರು. ಫಿತ್ಸುಮ್ ಕವಲಿಗೆ ಬಂದಿರಬೇಕಾದದ್ದು ಹತ್ತೂ ಹದಿನಾಲ್ಕಕ್ಕೆ. ಗುಂಪು ಹತ್ತೂ ಇಪ್ಪತ್ತಕ್ಕೆ.

ಹೆಂಗಸೊಬ್ಬರು ಬುಟ್ಟಿ ತುಂಬ ರೊಟ್ಟಿ ಹಿಡಿದು ಬಂದರು. ಅಬ್ರೆಹೆತಮ್ಮ. ಸತ್ತವಳ ನಲವತ್ತು ವರ್ಷದ ನೆರೆಯವರು. ಅಭ್ಯಾಸಕ್ಕೆಂದು ಈ ದಾರಿಯಲ್ಲಿ ಬರುವ ಸವಾರರಿಗೆ ಕವಲಿನಲ್ಲಿ ನಿಂತು ನೀರು ಕೊಡುವವರು. ಫಿತ್ಸುಮನನ್ನು ಕಂಡದ್ದೇ ಅವರ ಕೈ ಬುಟ್ಟಿಯ ಮೇಲೆ ಬಿಗಿಯಾಯಿತು. ಬಿಳಿ ಹೊದಿಕೆಯ ಬಣ್ಣದ ಅಂಚು ಕತ್ತಿನ ಸುತ್ತ. ಅಂಚಿಲ್ಲದ ಕೆಳತುದಿಯಲ್ಲಿ ಅಂಗೈಯಗಲ ನೀಲಿ.

ಎಯೋಬನ ಕಣ್ಣಿಗೂ ಬಿತ್ತು. “ಅದೇನಮ್ಮಾ ಕಲೆ?”

“ಅದಾ? ಬೆಳಿಗ್ಗೆ ಪೂಜೆಗೆ ಹೊರಟಾಗ ಮಂಡಿ ನೋವು ಅಂತ ಆ ಕಲ್ಲ ಮೇಲೆ ಒಂದು ಗಳಿಗೆ ಕೂತೆ. ಹಾಳು ಬಣ್ಣ ಹಸಿ ಇತ್ತು. ಲೆತೆಜ್ಗಿ ಹೋದ್ಲು ಅನ್ನೋದೂ ಆಗ ಗೊತ್ತಿರಲಿಲ್ಲ. ವಾಪಸ್ ಬಂದಾಗಲೇ ಗೊತ್ತಾಗಿದ್ದು.”

“ಸರಿ ಬಿಡಿ” ಎಂದು ಎಯೋಬ್ ರೊಟ್ಟಿ ಮುರಿದ. ನಾನೂ ಮುರಿದೆ. ಅಬೋಯ್ ಮಾತ್ರ ರೊಟ್ಟಿಯನ್ನು ಕೈಯಲ್ಲೇ ಹಿಡಿದಿದ್ದರು.

ಹೊರಗೆ ಬಂದಮೇಲೆ ಎಯೋಬ್ ಹೇಳಿದ, “ಜೆಮಿಕಾಯೆಲ್ಲೇ ಸರಿ. ಬಣ್ಣ ಅವನದ್ದು, ಅಳಿಯ ಅವನದ್ದು. ಇನ್ನೇನು ಬೇಕು?”

ಫಿತ್ಸುಮ್ ಪಕ್ಕದಲ್ಲೇ ಇದ್ದ ಜೆಮಿಕಾಯೆಲ್ಲನನ್ನು ನೋಡಲಾರದೆ ಕಳ್ಳಿಬೇಲಿಯತ್ತ ಮುಖ ಮಾಡಿದ.

“ಅಳಿಯನಿಗೋಸ್ಕರ ಮಾಡೋನು ಕಲ್ಲನ್ನ ಯಾಕೆ ವಾಪಸ್ ಇಡ್ತಾನೆ?” ಎಂದು ಕೇಳಿದರು ಅಬೋಯ್.

“ನೆಗಾಸಿ ಸರಿದಾರೀಲಿ ಹೋಗ್ಲಿ ಅಂತ.”

“ನೆಗಾಸಿಗೆ ಮೊದಲೇ ಕಿವೀಲಿ ಹೇಳಿದ್ರೆ ಸಾಕಿತ್ತಪ್ಪ. ಹೇಳದಿದ್ರೆ ಫಿತ್ಸುಮ್ ಹೋಗೋದನ್ನ ಬೇಲಿ ಹಿಂದೆ ಕೂತು ಕಾಯಬೇಕು. ಜೆಮಿಕಾಯೆಲ್ ಹತ್ತು ಗಂಟೆಯಿಂದ ಗುಂಪು ದಾಟೋವರೆಗೂ ಗುಡ್ಡದ ಕವಲಲ್ಲೇ ಇದ್ದ, ಮಾಸ್ತರೇ ನೋಡಿದ್ದಾರೆ. ಅಲ್ವಾ?”

ಹೌದು. ನಾನೇ ಅವನಿಂದ ನೀರು ಕೇಳಿ ಕುಡಿದಿದ್ದೆ. ಯಾರೂ ಕೇಳಲಿಲ್ಲವೆಂದು ನಾನೂ ಹೇಳಿರಲಿಲ್ಲ.

“ಈ ಕೆಲಸದಲ್ಲಿ ಓಟದ ಲೆಕ್ಕಾನೇ ಇಲ್ಲ” ಎಂದರು ಅಬೋಯ್. “ಕಲ್ಲು ಜಾಗ ಬಿಟ್ಟದ್ದು ಮಂಚ ಎದ್ದಾಗ, ವಾಪಸ್ ಬಂದದ್ದು ಮಂಚ ಗುಡಿ ದಾರಿಗೆ ಇಳಿದಾಗ. ಯಾರೋ ಆ ನಲವತ್ತು ನಿಮಿಷ ಸತ್ತವಳಿಗೆ ದಾರಿ ಬಿಡಿಸಿದ್ದಾರೆ. ಯಾರು ಅಂತ ಹೊದಿಕೆ ಹೇಳಿತು. ನೀವೂ ನೋಡಿದ್ರಿ.”

“ಕೂತಾಗ ಹತ್ತಿದ್ದು ಅಂದ್ರಲ್ಲ?”

“ಎಯೋಬ್, ನಿನ್ನ ಹೆಂಡತಿ ಪೂಜೆಗೆ ಹೋಗುವಾಗ ಬಣ್ಣದ ಅಂಚು ಎಲ್ಲಿರುತ್ತೆ?”

“ಕೆಳಗೆ.”

“ಸಾವಿದ್ದಾಗ?”

“ಮೇಲೆ... ಕತ್ತಿಗೆ.”

“ಆಯಮ್ಮನ ಹೊದಿಕೆಗೆ ಒಂದೇ ಕಡೆ ಅಂಚು. ಸಾವಿನ ಸುದ್ದಿಗೆ ಮುಂಚೆ ಕಲ್ಲ ಮೇಲೆ ಕೂತಿದ್ರೆ ನೀಲಿ ಹತ್ತಬೇಕಾದದ್ದು ಅಂಚಿಗೆ. ಹತ್ತಿದ್ದು ಬರಿಯ ತುದಿಗೆ. ಅಂದ್ರೆ ಹೊದಿಕೆ ತಿರುಗಿಸಿ ಹೊದ್ದ ಮೇಲೆ, ಆ ತುದೀಲಿ ಕಲ್ಲು ಹೊತ್ತಿದ್ದಾರೆ. ಅಬ್ರೆಹೆತ್.”

“ಹೊತ್ತೆ.”

ದನಿ ನಮ್ಮ ಬೆನ್ನ ಹಿಂದಿನಿಂದ ಬಂತು. ಅವರು ಚಪ್ಪರದ ಗೂಟ ಹಿಡಿದು ನಿಂತಿದ್ದರು.

“ಸೈಕಲ್ಲು ಬರೋಕೆ ಇನ್ನೂ ಹೊತ್ತಿದೆ ಅಂದ್ಕೊಂಡಿದ್ದೆ. ಆದ್ರೂ ಮನಸ್ಸು ತಡೀಲಿಲ್ಲ. ತಿರುವಿನ ಆಚೆ ಮಂಚ ನೆಲದ ಮೇಲೆ, ಸುತ್ತ ಜನ ಮಂಡಿಯೂರಿ... ಎರಡು ದಾರೀನೂ ಸೇತುವೆಗೇ ಹೋಗುತ್ತಲ್ಲ, ಬಂದೋರು ಅತ್ತ ಹೋಗ್ಲಿ ಅಂತ ಇಟ್ಟೆ. ನಾಲ್ಕು ಕಿಲೋಮೀಟರ್ ಅಂದ್ರೆ ನಮಗೇನು? ನೀರಿಗೆ ಅಷ್ಟು ನಡೀತೀವಿ. ಆಮೇಲೆ ನಾನೇ ವಾಪಸ್ ಇಟ್ಟೆ. ಅಷ್ಟರಲ್ಲೇ ಒಬ್ಬ ಹೋಗಿದ್ದಾನೆ ಅಂತ ಗೊತ್ತಿರಲಿಲ್ಲ. ನಿಮ್ಮ ಕೂಗಾಟ ಕೇಳಿ ಗೊತ್ತಾದ ಮೇಲೆ... ಊರಿಂದ ಓಟ ಹೋಗಿಬಿಡುತ್ತೆ ಅಂತ ಬಾಯಿ ಕಟ್ತು. ನಿನಗೆ ದ್ರೋಹ ಮಾಡಿದೆ ಮಗಾ.”

ಫಿತ್ಸುಮ್ ಅವರ ಹತ್ತಿರ ಹೋದ.

“ಅಮ್ಮಾ, ಆ ತಿರುವಿಗೆ ನಾನು ಎಷ್ಟು ಜೋರಾಗಿ ಇಳಿದು ಬರ್ತೀನಿ ಗೊತ್ತಾ?”

“ಗೊತ್ತಿಲ್ದೇ ಏನು? ನೀರು ಕೊಟ್ರೆ ಲೋಟ ಕಿತ್ಕೊಂಡು ಹೋಗ್ತೀಯ. ಅದಕ್ಕೇ ಕಲ್ಲಿಟ್ಟೆ.”

ಫಿತ್ಸುಮ್ ತಿರುವಿನತ್ತ ನೋಡಿದ. ಅಲ್ಲಿ ಏನಾಗಬಹುದಿತ್ತು ಎಂಬುದು ಅವನ ಮುಖದ ಮೇಲೆ ನಿಧಾನಕ್ಕೆ ಮೂಡಿತು.

ಎಯೋಬ್ ಮುಂದೆ ಬಂದ. “ಆದ್ರೂ ಊರಿನವರು ಕೈಹಾಕಿದ ಹಾಗಾಯ್ತಲ್ಲ. ನಿಯಮ—”

“ನಿಯಮಾನೇ ಮಾತಾಡೋಣ” ಎಂದರು ಅಬೋಯ್. “ಊರೊಳಗೆ ಬೆಳಿಗ್ಗೆ ಆರಕ್ಕೆ ಬಂದ್ವಿ, ಕಲ್ಲಿಟ್ವಿ, ಹೋದ್ವಿ. ಕ್ಷೇಮವೇ, ದಾರಿ ಬಿಡ್ತೀರಾ ಅಂತ ಒಬ್ಬರನ್ನ ಕೇಳಿದ್ವಾ? ಈ ದಾರಿ ಗುರುತಿಸುವಾಗ ನಾನು ಪ್ರತಿ ಊರಲ್ಲೂ ಕೂತು ಕಾಫಿ ಕುಡಿದು ಕೇಳಿದ್ದೆ. ಅದನ್ನ ನಿಮಗೆ ಹೇಳಿಕೊಡಲಿಲ್ಲ. ಮೊದಲ ತಪ್ಪು ನನ್ನದು ಅಂತ ಬರಕೋ.”

ನೆಗಾಸಿ ಕೊರಳಲ್ಲಿದ್ದ ಹಾರವನ್ನು ತೆಗೆದು ಕೈಗೆ ಸುತ್ತಿಕೊಂಡ. “ಮುಂದಿನ ಭಾನುವಾರ ಇನ್ನೊಂದ್ಸಲ ಓಡಿಸಿ ಅಧ್ಯಕ್ಷರೇ. ಇದೇ ದಾರೀಲಿ. ಅಲ್ಲೀತನಕ ಪಟ್ಟೀಲಿ ಜಾಗ ಖಾಲಿ ಇರಲಿ. ಇವನನ್ನ ಸೋಲಿಸಿದೆ ಅಂತ ಹೇಳ್ಕೊಳ್ಳೋಕೆ ನನಗೂ ಬಾಯಿ ಬರಬೇಕಲ್ಲ.”

“ಬರಲ್ಲ ಬಿಡು” ಎಂದ ಫಿತ್ಸುಮ್.

“ನೋಡೋಣ ಬಾ.”

ಎಯೋಬ್ ನನ್ನ ಪುಸ್ತಕದಿಂದ ದೂರು ಬರೆಯುವ ಹಾಳೆ ತೆಗೆದುಕೊಂಡು ಗಾಡಿಯ ಬಾನೆಟ್ಟಿನ ಮೇಲೆ ಹರಡಿದ. “ಭಾನುವಾರ. ಇದೇ ದಾರಿ. ಅಲ್ಲೀತನಕ ಜಾಗ ಖಾಲಿ. ಹಿಂದಿನ ದಿನ ಊರಿಗೆ ಬಂದು ಕೇಳೋದು ನನ್ನ ಕೆಲಸ” ಎಂದ. ಪೆನ್ನಿನ ಮುಚ್ಚಳ ತೆಗೆದು ಫಿತ್ಸುಮನ ಕಡೆ ನೋಡಿದ.

“ಕಲ್ಲು ಸರಿಸಿದವರು ಅನ್ನೋ ಕಡೆ ಯಾರ ಹೆಸರು ಬರೀಲಿ?”

“ಯಾರದ್ದೂ ಬೇಡ” ಎಂದ ಫಿತ್ಸುಮ್. “ನಾನು ಸುಳ್ಳು ಹೇಳಿಲ್ಲ ಅಂತ ಮಾತ್ರ ಬರೀರಿ.”