ದನಿ ಕೇಳುವ ಮುಖ

ಇನ್ನೂ ನಡೆಯದ ಸಂಗತಿಯನ್ನು ನಡೆದುಹೋದದ್ದು ಎಂಬಂತೆ ಹೇಳಲು ಹೊರಟಿದ್ದೇನೆ. ಅದಕ್ಕೆ ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ನರ, ಸ್ನಾಯುಗಳ ವಿಷಯವನ್ನು ಕ್ರಮವಾಗಿ ಓದಿದವರಿಗೆ ಇದರಲ್ಲಿ ತಪ್ಪುಗಳು ಕಾಣಬಹುದು. ಸಾವಿನ ಮನೆಯೊಂದರ ಮಾತು ಬೇರೆ ಬರುತ್ತದೆ. ಅದನ್ನು ಹೇಳಲು ನನಗಿಂತ ತಿಳಿದವರು ಬೇಕಿತ್ತು. ಆದರೂ ಹೇಳದೆ ಇರಲು ಆಗುತ್ತಿಲ್ಲ.

ಗದಗಿನ ಕೋರಿಶೆಟ್ಟರ ಸೀರೆ ಅಂಗಡಿಯಲ್ಲಿ ಒಂದು ಬೆಳಿಗ್ಗೆ ನೀಲಾಂಬಿಕಾ ಗಾದಿಯ ಮೇಲೆ ಕುಳಿತು, ಹಲ್ಲುನೋವಿನಿಂದ ಕೆನ್ನೆ ಹಿಡಿದುಕೊಂಡು ತಲೆ ತಗ್ಗಿಸಿದ್ದರು. ಅಂಗಡಿ ಅವರದೇ. ಗಂಡ ತೀರಿಹೋದ ಮೇಲೆ ಅವರೇ ನಡೆಸಿಕೊಂಡು ಬಂದಿದ್ದರು. ಬಾಗಿಲಲ್ಲಿ ಯಾರೋ, "ಇಳಕಲ್ ಸೀರಿ ತೋರಸ್ರಿ" ಅಂದರು. ನೀಲಾಂಬಿಕಾ ಇನ್ನೂ ತಲೆ ಎತ್ತಿರಲಿಲ್ಲ. ಅಷ್ಟರೊಳಗೆ ಅವರ ತುಟಿಯಂಚು ಮೇಲೇರಿತು, ಕೆನ್ನೆ ತುಂಬಿಕೊಂಡಿತು, ಕಣ್ಣಿನ ಸುತ್ತ ನಗುವಿನ ಸಣ್ಣ ಮಡಿಕೆ ಬಿತ್ತು. ನಗು ಮೊದಲು ಬಂತು. ಬಂದವರು ಯಾರೆಂದು ಅವರು ನೋಡಿದ್ದು ಆಮೇಲೆ.

ಆ ನಗುವನ್ನು ಮಾಡಿದ್ದು ಡಾ. ರೋಹಿಣಿ ಮುದಗಲ್ ಅವರ ಜೆಲ್.

ಅದಕ್ಕಿಂತ ಹಿಂದೆ, ಎಂದರೆ ಈಗ ನಮ್ಮ ಕಾಲದಲ್ಲಿ, ಮುಖಕ್ಕೆ ಹಾಕುವ ಸೂಜಿಗಳು ಮುಖ್ಯವಾಗಿ ಎರಡು ಬಗೆಯವು. ಒಂದು ಸ್ನಾಯುವನ್ನು ಸುಮ್ಮನಾಗಿಸಿ ಸುಕ್ಕು ಬೀಳದಂತೆ ಮಾಡುತ್ತದೆ. ಇನ್ನೊಂದು ಇಳಿದ ಕೆನ್ನೆಯನ್ನು, ತೆಳುವಾದ ತುಟಿಯನ್ನು ಒಳಗಿನಿಂದ ತುಂಬುತ್ತದೆ. ವರ್ಷಗಟ್ಟಲೆ ಹಾಕಿಸಿಕೊಂಡವರ ಮುಖ ನಯವಾಗಿತ್ತು, ಆದರೆ ಅಲುಗಾಡುತ್ತಿರಲಿಲ್ಲ. ರೋಹಿಣಿ ಇವರ ಬಗ್ಗೆ ಯೋಚಿಸಿದವರೇ ಅಲ್ಲ. ಧಾರವಾಡದ ತಮ್ಮ ಪ್ರಯೋಗಾಲಯದಲ್ಲಿ ಅವರು ಕೆಲಸ ಮಾಡುತ್ತಿದ್ದದ್ದು ಪಾರ್ಶ್ವವಾಯು ಬಡಿದು ಮುಖದ ಅರ್ಧಭಾಗ ಜೋತುಬಿದ್ದವರಿಗಾಗಿ. ಅವರ ಜೆಲ್‌ನೊಳಗೆ ಕೂದಲಿಗಿಂತ ಸಣ್ಣ ಎಳೆಗಳಿದ್ದವು. ಚರ್ಮದಡಿ ಸೇರಿದ ಮೇಲೆ ಮೈಬಿಸಿಯನ್ನೇ ಇಂಧನ ಮಾಡಿಕೊಂಡು ಅವು ಸ್ನಾಯುವಿನಂತೆ ಕುಗ್ಗುತ್ತಿದ್ದವು, ಹಿಗ್ಗುತ್ತಿದ್ದವು. ಯಾವಾಗ ಕುಗ್ಗಬೇಕೆಂದು ನರ ಹೇಳಬೇಕು. ಆದರೆ ಸೋತ ನರದ ಸಂಕೇತ ಕ್ಷೀಣ. ಹಾಗಾಗಿ ಅವರು ಎಳೆಗಳಿಗೆ ದನಿ ಗುರುತಿಸುವುದನ್ನು ಕಲಿಸಿದರು. ಎದುರಿನವರು ಮಾತಾಡಿದಾಗ ಗಾಳಿಯ ಕಂಪನ ನಮ್ಮ ಕೆನ್ನೆಗೂ ತಾಗುತ್ತದೆ. ಈ ದನಿ ಬಂದಾಗ ಇವರು ಇಂಥ ಮುಖ ಮಾಡಲು ಯತ್ನಿಸುತ್ತಾರೆ ಎಂದು ಜೆಲ್ ತಿಂಗಳುಗಟ್ಟಲೆ ಗಮನಿಸಿ, ಕ್ರಮೇಣ ತಾನೇ ಆ ಮುಖವನ್ನು ಮಾಡಿಕೊಡುತ್ತಿತ್ತು. ನರಗುಂದದ ಬಸ್ ಕಂಡಕ್ಟರ್ ಒಬ್ಬರು ಮಗಳ ದನಿ ಕೇಳಿ ಎರಡೂ ತುಟಿಯಂಚಿನಿಂದ ನಕ್ಕ ದಿನ ರೋಹಿಣಿ ಹೊರಗೆ ಹೋಗಿ ಅತ್ತಿದ್ದರು.

ಆ ಜೆಲ್ ಅನ್ನು ಒಂದು ಕಂಪನಿ ಕೊಂಡುಕೊಂಡಿತು. ಸೂಜಿಯಿಂದ ಬಿಗಿದ ಮುಖದವರಿಗೆ ಚಲನೆ ಬೇಕಾಗಿತ್ತು. ಮೊದಲು ದೊಡ್ಡ ಕ್ಲಿನಿಕ್‌ಗಳಿಗೆ ಬಂದದ್ದು ಆಮೇಲೆ ಬ್ಯೂಟಿ ಪಾರ್ಲರಿಗೆ ಬಂತು. ಲಗ್ನದ ಸುಗ್ಗಿಯಲ್ಲಿ ವ್ಯಾನಿನಲ್ಲಿ ಓಣಿಗೇ ಬಂತು. ಬೀಗರು ಬೀಗತಿಯರು ಎಲ್ಲರಿಗೂ ಸೇರಿಸಿ ರಿಯಾಯಿತಿ. ಹಾಕಿಸಿಕೊಳ್ಳುವವರ ವಯಸ್ಸು ಐವತ್ತರಿಂದ ನಲವತ್ತಕ್ಕೆ, ಆಮೇಲೆ ಇಪ್ಪತ್ತಕ್ಕೆ ಇಳಿಯಿತು; ಸುಕ್ಕು ಬಂದ ಮೇಲೆ ಯಾಕೆ, ಬರುವ ಮುಂಚೆಯೇ ಹಾಕಿಸಿ ಅಂದರು ಪಾರ್ಲರಿನವರು. ಬ್ಯಾಂಕಿನ ಕೌಂಟರು, ಆಸ್ಪತ್ರೆಯ ರಿಸೆಪ್ಶನ್, ಮೊಬೈಲ್ ಅಂಗಡಿ, ಎಲ್ಲ ಕಡೆ ಕೆಲಸಕ್ಕೆ ತೆಗೆದುಕೊಳ್ಳುವಾಗ ಅದೊಂದು ಅರ್ಹತೆಯಾಯಿತು. ಕಂಪನಿ ತನ್ನದೂ ಒಂದು ಸಂಗತಿ ಸೇರಿಸಿತ್ತು. ಜೆಲ್‌ಗೆ ಪರಿಚಯವಿಲ್ಲದ ದನಿ ಕೇಳಿದರೆ ಒಂದು ಸಿದ್ಧ ನಗು ಬರುತ್ತಿತ್ತು, ಎಲ್ಲರಲ್ಲೂ ಅದೇ ನಗು. ಗದಗಿನ ಮಂದಿ ಇದಕ್ಕೆಲ್ಲ ಸೇರಿಸಿ "ನಗೀಸೂಜಿ" ಎಂದು ಹೆಸರಿಟ್ಟರು.

ನಿಧಾನವಾಗಿ ಇನ್ನೊಂದು ಅಭ್ಯಾಸ ಬೆಳೆಯಿತು. ಫೋನಿನಲ್ಲಿ ಯಾರದೋ ದನಿ ಕೇಳಿದ ಕೂಡಲೇ ಜನ ತಮ್ಮ ಕೆನ್ನೆ ಮುಟ್ಟಿ ನೋಡಿಕೊಳ್ಳತೊಡಗಿದರು. ಕೆನ್ನೆ ಮೇಲೇರಿದ್ದರೆ, ಸರಿ, ಇವರ ಮೇಲೆ ನನಗೆ ಸಿಟ್ಟಿಲ್ಲ ಎಂದುಕೊಳ್ಳುತ್ತಿದ್ದರು.

ನೀಲಾಂಬಿಕಾರ ಮಗಳು ಸುವರ್ಣಾ ಮನೆ ಬಿಟ್ಟದ್ದು ಈ ಸೂಜಿಯ ಮಾತಿನ ಮೇಲೆಯೇ. ಲಗ್ನ ನಿಶ್ಚಯವಾದಾಗ ಗಂಡಿನ ಕಡೆಯವರು ಕೇಳಿದರೆಂದು ತಾಯಿ ಪಾರ್ಲರಿನಲ್ಲಿ ದಿನ ಗೊತ್ತು ಮಾಡಿದ್ದರು.

"ನಾ ಅತ್ತಾಗ ನನ್ನ ಮಾರಿ ಅಳಬೇಕವ್ವಾ" ಎಂದಳು ಸುವರ್ಣಾ.

"ಮಾರಿ ಅಂದ್ರ ನಾಲ್ಕು ಮಂದಿ ನೋಡೂದು. ಅದೇನ್ ನಿನ್ನೊಬ್ಬಾಕಿದಲ್ಲ."

ತಾಯಿ ಇದನ್ನು ಸಿಟ್ಟಿನಿಂದಲೇ ಹೇಳಿದ್ದರು. ಆದರೆ ಅವರ ಮುಖ ನಗುತ್ತಿತ್ತು. ಸುವರ್ಣಾಗೆ ತಡೆಯಲಾಗದೆ ಹೋದದ್ದು ಅದೇ. ಲಗ್ನ ಬೇಡವೆಂದು ಬಳ್ಳಾರಿಗೆ ಹೋಗಿ ಶಾಲೆಯಲ್ಲಿ ಟೀಚರಾದಳು. ಅಣ್ಣ ಮಹಾಂತೇಶ ಆಗಾಗ ಫೋನು ಮಾಡುತ್ತಿದ್ದ. ತಾಯಿ ಮಗಳು ಮತ್ತೆ ಮಾತಾಡಲಿಲ್ಲ.

ಆರು ವರ್ಷಗಳ ಮೇಲೆ ಒಂದು ಮುಂಜಾನೆ ನೀಲಾಂಬಿಕಾರ ಹೃದಯ ನಿಂತಿತು. ಓಣಿಯ ಡಾಕ್ಟರು ಬಂದು ನೋಡಿ ಹೇಳಿದರು. ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಎದುರಿಗೆ ಭಜನೆ ನಡೆಯುತ್ತದೆ. ಬಂದವರು ಸತ್ತವರ ಮುಖಕ್ಕೆ ಮುಖ ಕೊಟ್ಟು, ಹೆಸರು ಹಿಡಿದು ಮಾತಾಡಿಸಿ ಅಳುತ್ತಾರೆ. ನೀಲಾಂಬಿಕಾರನ್ನೂ ಹಾಗೆಯೇ ಕೂರಿಸಿದರು. ಎರಡೂ ಬದಿಗೆ ದೊಡ್ಡ ಸಮೆಗಳನ್ನು, ಎತ್ತರದ ಎಣ್ಣೆದೀಪಗಳನ್ನು, ಹಚ್ಚಿಟ್ಟರು. ಕಿಟಕಿಯ ಬಿಸಿಲು ನೇರ ಮುಖಕ್ಕೆ ಬೀಳುತ್ತಿತ್ತು.

ಅಂಗಡಿಗೆ ಸೀರೆಯ ಫಾಲು ಹಚ್ಚಿಕೊಡುವ ಮುದುಕ ಇಮಾಮಸಾಬ ಬಂದು ಎದುರಿಗೆ ಕುಳಿತ.

"ಅಕ್ಕಾರ, ಹೇಳದ ಕೇಳದ ಹೊಂಟೇ ಬಿಟ್ರ್ಯಾ?"

ನೀಲಾಂಬಿಕಾರ ಎಡ ತುಟಿಯಂಚು ಸ್ವಲ್ಪ ಓರೆಯಾಗಿ ಮೇಲೇರಿತು. ಇಮಾಮಸಾಬನನ್ನು ಚೇಷ್ಟೆ ಮಾಡುವಾಗ ಅವರು ನಗುತ್ತಿದ್ದದ್ದು ಹಾಗೆಯೇ. ಕಣ್ಣು ಮುಚ್ಚಿಯೇ ಇತ್ತು.

ಭಜನೆಯ ತಾಳ ನಿಂತಿತು. ಯಾರೋ ಚೀರಿದರು. "ಜೀವ ಐತಿ! ಜೀವ ಐತಿ!" ಡಾಕ್ಟರು ಮತ್ತೆ ಓಡಿಬಂದರು. ಎದೆ ಸುಮ್ಮನಿತ್ತು, ನಾಡಿ ಇರಲಿಲ್ಲ. "ತೀರಿಕೊಂಡಾರ್ರಿ. ಖಾತ್ರಿ ತೀರಿಕೊಂಡಾರ" ಎಂದರು. ಅವರ ದನಿಗೂ ಮುಖ ಮೆಲ್ಲಗೆ ನಕ್ಕಿತು.

ಸಮಾಧಿಯ ಕ್ರಿಯೆ ಮಾಡಲು ಬಂದಿದ್ದ ಚನ್ನವೀರಯ್ಯನವರು ಎದ್ದು ನಿಂತರು. "ಮಹಾಂತೇಶ, ನಗೂ ಮಂದೀನ ಕುಣಿಯಾಗ ಹ್ಯಾಂಗ ಇಳಸ್ಲೋ? ನನ್ನ ಕಡಿಂದ ಆಗೂದಿಲ್ಲ."

ಮಹಾಂತೇಶ ಧಾರವಾಡಕ್ಕೆ ಫೋನು ಮಾಡಿ ರೋಹಿಣಿಯವರನ್ನು ಕರೆಸಿದ.

ಅವರು ಬರುವಷ್ಟರಲ್ಲಿ ಪಡಸಾಲೆಯಿಂದ ಓಣಿಯ ತನಕ ಸಾಲು ಹತ್ತಿತ್ತು. ಹೆದರಿಕೆ ಇಳಿದ ಮೇಲೆ ಜನರಿಗೆ ಬೇರೊಂದು ಆಸೆ ಹುಟ್ಟಿತ್ತು. ಒಬ್ಬೊಬ್ಬರೇ ಬಂದು, "ನೀಲವ್ವಾ" ಎಂದು ಕರೆದು ಕಾಯುತ್ತಿದ್ದರು. ತಂಗಿಗೆ ಒಂದು ನಗು, ಮೊಮ್ಮಗನಿಗೆ ಹುಬ್ಬು ಅರಳಿಸಿ ಇನ್ನೊಂದು. ಮಗನಿಗೆ ಸಣ್ಣ ನಗು, ಅದರ ಹಿಂದೆ ಏನೋ ಚಿಂತೆ. ಸೊಸೆ ರತ್ನಪ್ರಭಾ ಬಂದು, "ಅತ್ತೀ" ಎಂದಳು. ಬಂದದ್ದು ಅಂಗಡಿಯಲ್ಲಿ ಗುರುತಿಲ್ಲದ ಗಿರಾಕಿಗೆ ಬರುತ್ತಿದ್ದ ನಗು, ಕಂಪನಿಯ ನಗು.

"ಗಿರಾಕಿಗಿ ನಕ್ಕಂಗ ನಕ್ಕಳಲ್ಲವ್ವಾ ಸೊಸಿಗಿ!" ಎಂದಳು ಹಿಂದಿನಿಂದ ಒಬ್ಬ ಸಂಬಂಧಿಕಳು. ರತ್ನಪ್ರಭಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡಿಗೆಮನೆಗೆ ಹೋದಳು.

ರೋಹಿಣಿ ಬಂದು ಕೈ ಮುಗಿದು, ಕೆನ್ನೆ ಮುಟ್ಟಿದರು. ಬೆಚ್ಚಗಿತ್ತು. ದೀಪಗಳನ್ನು, ಕಿಟಕಿಯನ್ನು ನೋಡಿದರು. ಆಮೇಲೆ ಮಹಾಂತೇಶನಿಗೆ ತಿಳಿಸಿ ಹೇಳಿದರು: ಬಿಸಿ ಇರುವ ತನಕ ಎಳೆಗಳು ಕೆಲಸ ಮಾಡುತ್ತವೆ. ಸತ್ತ ಮೇಲೆ ಸ್ನಾಯು ಸೆಟೆದು ಅವನ್ನು ತಡೆಯಬೇಕು. ಆದರೆ ಇವರ ಮುಖದ ಸ್ನಾಯುಗಳು ಎಷ್ಟೋ ವರ್ಷ ಕೆಲಸವಿಲ್ಲದೆ ಸೊರಗಿಹೋಗಿವೆ, ಸೆಟೆಯಲು ಏನೂ ಉಳಿದಿಲ್ಲ. ಬೇರೆ ಕಡೆ ಹೆಣವನ್ನು ಮಲಗಿಸುತ್ತಾರೆ, ತಣ್ಣನೆಯ ಪೆಟ್ಟಿಗೆಯಲ್ಲಿ ಇಡುತ್ತಾರೆ. ಜೆಲ್ ಹಾಕಿಸಿಕೊಂಡವರನ್ನು ಸತ್ತ ಮೇಲೆ ಹೀಗೆ ಕೂರಿಸಿ, ದೀಪ ಇಟ್ಟು, ಮುಖಕ್ಕೆ ಮಾತಾಡಿದ್ದನ್ನು ಅವರು ನೋಡಿಯೇ ಇರಲಿಲ್ಲ.

"ಇದು ಅವರಲ್ಲರೀ. ಅವರಿಂದ ಕಲತದ್ದು, ಅಷ್ಟ."

"ಹಂಗಾರ ಕಲತದ್ದು ಖರೇನೋ ಸುಳ್ಳೋ, ಡಾಕ್ಟರ್‌ಬಾಯಾರ?" ಎಂದ ಇಮಾಮಸಾಬ. ರೋಹಿಣಿ ಐಸು ತರಿಸಿ, ಬಟ್ಟೆಯಲ್ಲಿ ಸುತ್ತಿ ಎರಡೂ ಕೈಯಲ್ಲಿ ಹಿಡಿದರು. ಕೆನ್ನೆಗಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಎಲ್ಲ ನಿಲ್ಲುತ್ತಿತ್ತು. ಮಹಾಂತೇಶ ಕಿಟಕಿ ಮುಚ್ಚಿ, ದೀಪಗಳನ್ನು ದೂರ ಸರಿಸಿದ.

ಆಗ ಬಾಗಿಲಲ್ಲಿ ಸುವರ್ಣಾ ಬಂದು ನಿಂತಳು. ದಾರಿಯಲ್ಲಿಯೇ ಅವಳಿಗೆ ಈ ನಗುವಿನ ವಿಷಯ ತಿಳಿದಿತ್ತು. ಮಹಾಂತೇಶ ಅವಳ ತೋಳು ಹಿಡಿದು ಪಿಸುಗುಟ್ಟಿದ.

"ತಂಗೀ, ಸುಮ್ನ ಕೈ ಮುಗದು ಬಾ. ಮಾತಾಡಬ್ಯಾಡ. ಡಾಕ್ಟರು ಬಂದ್ ಮಾಡ್ತಾರ."

ಅಡಿಗೆಮನೆಯ ಬಾಗಿಲಿಂದ ರತ್ನಪ್ರಭಾ ಅಂದಳು: "ಮಾತಾಡ್ಲಿ ಬಿಡ್ರಿ. ನನಗೊಬ್ಬಾಕಿಗೇ ಯಾಕ ಗೊತ್ತಾಗಬೇಕು?"

ಸುವರ್ಣಾ ರೋಹಿಣಿಯವರ ಕಡೆ ತಿರುಗಿದಳು.

"ಅಕಿ ನನ್ನ ದನಿ ಕೇಳಿ ಆರು ವರ್ಷ ಆತ್ರಿ. ಅದಕ್ಕ ನೆನಪಿರತೈತೇನು?"

"ಗೊತ್ತಿಲ್ಲವ್ವಾ. ನೆನಪಿಲ್ಲಂದ್ರ ಎಲ್ಲಾರಿಗೂ ಬರೂ ನಗೀನ ಬರತೈತಿ."

"ಇದ್ರ?"

"ಇದ್ರ, ನಿನ್ನ ದನಿಗೆ ಅವರು ಏನ್ ಮಾಡ್ತಿದ್ರೋ ಅದು."

ರೋಹಿಣಿ ಐಸಿನ ಬಟ್ಟೆಯನ್ನು ಮುಂದೆ ಚಾಚಿದರು, ಬೇಕಾದರೆ ನೀನೇ ಇಡು ಎಂಬಂತೆ. ಸುವರ್ಣಾ ತೆಗೆದುಕೊಳ್ಳಲಿಲ್ಲ. ತಾಯಿಯ ಎದುರು ಮೊಣಕಾಲೂರಿ ಕುಳಿತಳು. ಬಹಳ ಹೊತ್ತು ಆ ನಯವಾದ ಹಣೆಯನ್ನು ನೋಡಿದಳು.

"ಅವ್ವಾ. ನಾ ಬಂದೀನಿ."

ಮೊದಲು ಏನೂ ಆಗಲಿಲ್ಲ. ಆಮೇಲೆ ತುಟಿಯಂಚುಗಳು ಇಳಿದವು. ಕೆನ್ನೆ ಇಳಿಯಿತು. ಹುಬ್ಬುಗಳ ನಡುವೆ ಎರಡು ಗೆರೆ ಮೂಡಿದವು, ಹಣೆಯಲ್ಲಿ ನೆರಿಗೆ, ಗಲ್ಲದ ಕೆಳಗೆ ಜೋತ ಚರ್ಮ. ಅದು ಸಿಟ್ಟಿನ ಮುಖವಲ್ಲ, ಅಳುವ ಮುಖವೂ ಅಲ್ಲ. ದಣಿದ ಒಬ್ಬ ಮುದುಕಿಯ ಮುಖ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದವರಿಗೂ ಅದು ಹೊಸತಾಗಿತ್ತು. ಕೂಸೊಂದು ಹೆದರಿ ಅಳತೊಡಗಿತು.

"ಅವ್ವಾ" ಎಂದಳು ಸುವರ್ಣಾ ಮತ್ತೆ. ಮುಖ ಹಾಗೆಯೇ ಇತ್ತು. ಮಹಾಂತೇಶನೂ ಕರೆದ. ಅವನಿಗೂ ನಗು ಬರಲಿಲ್ಲ.

ರೋಹಿಣಿ ಬಗ್ಗಿ ಕೆನ್ನೆಯ ಮೇಲೆ ಬೆರಳಿಟ್ಟರು. ಬಿಸಿ ಆರಿ ಎಳೆಗಳು ನಿಂತವೋ, ಇಲ್ಲ ಬಿಸಿ ಇದ್ದೂ ಬಿಟ್ಟುಕೊಟ್ಟವೋ, ಅದೊಂದನ್ನೇ ತಿಳಿಯಬೇಕಿತ್ತು. ಆದರೆ ಅಷ್ಟು ಹೊತ್ತು ಐಸು ಹಿಡಿದ ಬೆರಳುಗಳು ಜೋಮುಹಿಡಿದಿದ್ದವು. ಅವಕ್ಕೆ ಕೆನ್ನೆಯೂ ಒಂದೇ, ಗೋಡೆಯೂ ಒಂದೇ ಆಗಿತ್ತು. ಕೈ ಉಜ್ಜಿ, ಬಿಸಿಯುಸಿರು ಊದಿ ಮತ್ತೆ ಮುಟ್ಟುವಷ್ಟರಲ್ಲಿ ಹೊತ್ತು ಮೀರಿತ್ತು, ಕೆನ್ನೆ ತಣ್ಣಗಾಗಿತ್ತು. ಬೇರೆ ಯಾರಾದರೂ ಮುಟ್ಟಿ ನೋಡಿ ಎಂದು ಕೇಳಬೇಕೆಂಬುದು ಅವರಿಗೆ ಆ ಗಳಿಗೆಯಲ್ಲಿ ತೋಚಲೇ ಇಲ್ಲ. ಮುಂದೆ ಬಹಳ ಕಾಲ ಅವರನ್ನು ಕಾಡಿದ್ದು ಅದೇ.

ಚನ್ನವೀರಯ್ಯನವರು, "ಈಗ ನಡೀರಿ" ಎಂದರು. ಇಳಿಹೊತ್ತಿಗೆ ಮಣ್ಣು ಮುಗಿಯಿತು.

ಸಮಾಧಿಯಿಂದ ಹಿಂದಿರುಗುವಾಗ ಸುವರ್ಣಾ ರೋಹಿಣಿಯವರನ್ನು ನಿಲ್ಲಿಸಿದಳು. "ಖರೇ ಹೇಳ್ರಿ. ಅದು ನನಗಾಗಿ ಬಂದ ಮಾರಿ ಹೌದೋ ಅಲ್ಲೋ?"

ರೋಹಿಣಿ ತಮಗೆ ತಿಳಿದಷ್ಟನ್ನು ಹೇಳಿದರು. ಗುರುತಿಲ್ಲದ ದನಿಯಾಗಿದ್ದರೆ ಸಿದ್ಧ ನಗು ಬರಬೇಕಿತ್ತು, ಬರಲಿಲ್ಲ. ಹಾಗಾದರೆ ಈ ದನಿಗೆ ಮುಖವನ್ನು ಸಡಿಲ ಬಿಡುವುದನ್ನು ಜೆಲ್ ಎಲ್ಲಿಯೋ ಕಲಿತಿರಬೇಕು. ತಾಯಿ ಒಬ್ಬರೇ ಇದ್ದಾಗ ಮಗಳ ಹಳೆಯ ವಿಡಿಯೋ ಹಾಕಿ ಕೇಳುತ್ತಿದ್ದರೇ? ಮನೆಯಲ್ಲಿ ಯಾರೂ ಕಂಡಿಲ್ಲ. ಇಲ್ಲವಾದರೆ ಕಿಟಕಿ ಮುಚ್ಚಿ ದೀಪ ಸರಿಸಿದ್ದಕ್ಕೆ ಬಿಸಿ ಆರಿತು, ಅಷ್ಟೇ.

"ನಿಮ್ಮ ಕೈ ಬೆಚ್ಚಗ ಇದ್ದಿದ್ರ ಗೊತ್ತಾಗತಿತ್ತೇನು?"

"ಗೊತ್ತಾಗತಿತ್ತು."

"ಅಕಿ ಹಂಗ ಮಾರಿ ಮಾಡಿದ್ದು ನಾ ಸಣ್ಣಾಕಿದ್ದಾಗ ನೋಡಿದ್ದೆ. ಅಂಗಡಿಯಿಂದ ಬಂದು ಕಂಬಕ್ಕ ಒರಗಿ ಕೂಡತಿದ್ಳು. ನಾನೂ ಬಾಜೂಕ ಕೂಡತಿದ್ದೆ. ಇಬ್ಬರೂ ಏನೂ ಮಾತಾಡತಿರಲಿಲ್ಲ" ಎಂದಳು ಸುವರ್ಣಾ.

ಗದಗಿನ ಸುದ್ದಿ ಎಲ್ಲ ಕಡೆ ಹಬ್ಬಿತು. ನಗೀಸೂಜಿಗೆ ಜನ ಅಂಜುತ್ತಾರೆ ಎಂದು ರೋಹಿಣಿ ಅಂದುಕೊಂಡಿದ್ದರು, ಆದದ್ದು ಬೇರೆ. ಮುಂದಿನ ಲಗ್ನದ ಸುಗ್ಗಿಯೊಳಗೆ ಕಂಪನಿ ಹೊಸದೊಂದು ಡೋಸು ಮಾರಾಟಕ್ಕೆ ತಂದಿತ್ತು: ಹೆಣದ ಕೆನ್ನೆಯನ್ನು ಬೆಚ್ಚಗಿಡುವ ಪಟ್ಟಿ ಸಮೇತ, ಕೊನೆಯ ದರ್ಶನಕ್ಕೆಂದು. ಮುಪ್ಪಾದವರ ಹಾಸಿಗೆಯ ಪಕ್ಕ ಮಕ್ಕಳು ದಿನಾ ಬಂದು ಕುಳಿತು, ತಮ್ಮ ದನಿ ಮುಖಕ್ಕೆ ರೂಢಿಯಾಗಲೆಂದು ಜೋರಾಗಿ ಮಾತಾಡತೊಡಗಿದರು. ಮುದುಕರಿಗೆ ಅದು ಹಿಡಿಸಿತು. ಕೇಳುವವರು ಬಂದರಲ್ಲ ಎಂದು. ರೋಹಿಣಿ ಕಂಪನಿಯ ಸಂಬಂಧ ಬಿಟ್ಟು ಮತ್ತೆ ಪಾರ್ಶ್ವವಾಯುವಿನವರ ಕಡೆ ಹೋದರು. ಸುವರ್ಣಾ ಸೂಜಿ ಹಾಕಿಸಿಕೊಳ್ಳಲಿಲ್ಲ. ರತ್ನಪ್ರಭಾ ತನ್ನ ಮುಖದೊಳಗಿದ್ದ ಜೆಲ್ ತೆಗೆಸಿಹಾಕಿದಳು. ಅವಳು ಈಗ ಹೇಗೆ ಕಾಣುತ್ತಾಳೆಂದು ಓಣಿಯವರು ಬಹಳ ದಿನ ಆಡಿಕೊಂಡರು.

ನಮ್ಮ ಕಾಲಕ್ಕೆ ಇನ್ನೂ ಇಂಥ ಜೆಲ್ ಬಂದಿಲ್ಲ. ಗೆರೆ ಅಳಿಸುವ, ಕೆನ್ನೆ ತುಂಬುವ ಸೂಜಿಗಳಷ್ಟೇ ಇವೆ. ಅವನ್ನು ಹಾಕಿಸಿಕೊಳ್ಳುವವರನ್ನು ದೂರಲು ನನಗೆ ಮನಸ್ಸಿಲ್ಲ. ಗೆರೆ ಬಿದ್ದ ಮುಖಕ್ಕೆ ಕೆಲಸ ಕೊಡದವರೂ ನಾವೇ. ಮನೆಗೆ ಬಂದು, ಯಾರಿಗಾಗಿಯೂ ಏನನ್ನೂ ಹಿಡಿದಿಡದೆ ಕುಳಿತ ಮುಖವನ್ನು ನಾವು ಈಗಲೂ ಎಷ್ಟು ಜನರದು ನೋಡಿದ್ದೇವೆ, ನಮ್ಮದನ್ನು ಯಾರಿಗೆ ತೋರಿಸಿದ್ದೇವೆ ಎಂದು ಲೆಕ್ಕ ಹಾಕಹೋದರೆ ಸಂಕೋಚವಾಗುತ್ತದೆ.

ನೀಲಾಂಬಿಕಾರ ಮುಖ ಮಗಳ ದನಿಗೆ ಸಡಿಲಾಯಿತೋ, ಬರೀ ತಣಿದು ನಿಂತಿತೋ, ರೋಹಿಣಿಗೆ ಗೊತ್ತಾಗಲಿಲ್ಲ. ನನಗೂ ಗೊತ್ತಿಲ್ಲ.